ಗಡಿಬಿಡಿಯ ವೀಸಾ

ಸೀಟು ಸಿಕ್ಕಿದೆ, ವೀಸಾ ಇನ್ನೂ ಸಿಕ್ಕಿಲ್ಲ. ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಬೇಕೆಂದಿರುವ ಮನೆಗಳಲ್ಲಿ ಈ ಮಾತು ಹೊಸದೇನಲ್ಲ. ಟೈಲರಮ್ಮನ ಮನೆಯಲ್ಲೂ ಅದೇ ಆಗಿತ್ತು.

ಟೈಲರಮ್ಮನ ಅಂಗಡಿ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಿಗೆ ನೇತು ಬಿದ್ದ ಪ್ಯಾಂಟು, ಕೋಟುಗಳು. ಗಂಡ ಸಿಟಿ ಬಸ್ಸಿನ ಡ್ರೈವರ್, ಮಾತು ಕಮ್ಮಿ. ಇವರ ಒಬ್ಬಳೇ ಮಗಳಿಗೆ ಮನೆಯಲ್ಲೂ ಬೀದಿಯಲ್ಲೂ ‘ಗಡಿಬಿಡಿ’ ಎಂದೇ ಹೆಸರು. ಮೆಟ್ಟಿಲನ್ನು ಒಂದೊಂದಾಗಿ ಇಳಿದು ಗೊತ್ತಿಲ್ಲದವಳು. ಬಾಯಲ್ಲಿ ತುತ್ತು ಇರುವಾಗಲೇ ಚಪ್ಪಲಿ ಮೆಟ್ಟಿಕೊಳ್ಳುವವಳು.

ಆದರೆ ಕೆಲಸಕ್ಕೆ ಕೂತಳೆಂದರೆ ಬೇರೆಯೇ ಹುಡುಗಿ. ಆಸ್ಪತ್ರೆಯಲ್ಲಿ ಕೃತಕ ಕಾಲು ಮಾಡುವ ವಿಭಾಗದಲ್ಲಿ ಅವಳಿಗೆ ಕೆಲಸ. ಪ್ಲಾಸ್ಟರಿನಲ್ಲಿ ಕಾಲಿನ ಅಚ್ಚು ತೆಗೆಯುವುದು, ಅದನ್ನು ಉಜ್ಜಿ ನಯ ಮಾಡುವುದು, ಎಲ್ಲೂ ಒತ್ತದ ಹಾಗೆ ಪಟ್ಟಿ ಬಿಗಿಯುವುದು, ಎಲ್ಲ ಬರುತ್ತಿತ್ತು. ಮಕ್ಕಳ ವಿಷಯದಲ್ಲಿ ಮಾತ್ರ ಸೋಲುತ್ತಿದ್ದಳು. ಮಗು ಬೆಳೆಯುತ್ತದೆ, ಮಾಡಿಕೊಟ್ಟ ಕಾಲು ಬೆಳೆಯುವುದಿಲ್ಲ. ಅದನ್ನು ಹಾಕಿಕೊಂಡು ನಡೆಯಬಹುದು, ಓಡಲಾಗುವುದಿಲ್ಲ. ಮಕ್ಕಳು ಓಡಾಡುವಂಥ, ಬೆಳೆದ ಹಾಗೆ ಹೊಂದಿಸಿಕೊಳ್ಳುವಂಥ ಕಾಲು ಮಾಡುವುದನ್ನು ಕಲಿಸುವ ಕಾಲೇಜೊಂದು ಸಮುದ್ರದಾಚೆಯ ದೇಶದಲ್ಲಿತ್ತು. ಗಡಿಬಿಡಿ ಅಲ್ಲಿಗೆ ಅರ್ಜಿ ಹಾಕಿದಳು. ಸೀಟೂ ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಆಸ್ಪತ್ರೆಯ ದೊಡ್ಡ ಡಾಕ್ಟರು, “ಹೋಗಿ ಕಲ್ತುಕೊಂಡು ಬಾ. ನಿನ್ ಜಾಗದಲ್ಲಿ ಯಾರನ್ನೂ ಕೂರಿಸಲ್ಲ” ಎಂದರು.

ವಿದ್ಯಾರ್ಥಿ ವೀಸಾಕ್ಕೆ ಅವಳು ಅರ್ಜಿ ಹಾಕುವಷ್ಟರಲ್ಲೇ ಆ ದೇಶ ತನ್ನ ವೀಸಾ ನಿಯಮ ಬಿಗಿ ಮಾಡಿತು. ಓದಲು ಬರುವವರ ಅರ್ಜಿಗಳನ್ನು ಇನ್ನಷ್ಟು ಜಾಗ್ರತೆಯಿಂದ ನೋಡುತ್ತೇವೆ, ಉತ್ತರ ತಡವಾಗಬಹುದು ಎಂದು ಪ್ರಕಟಣೆ ಬಂತು. ತರಗತಿ ಶುರುವಾಗುವ ದಿನವೋ ಹತ್ತಿರ ಬರುತ್ತಿತ್ತು. ಗಡಿಬಿಡಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು.

ಆಗ ಬಂದ ಅವಳ ಸೋದರಮಾವ. ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಗೊತ್ತಿಲ್ಲದ ವಿಷಯ ಲೋಕದಲ್ಲಿ ಇರಲಿಲ್ಲ. ಇದ್ದರೂ ಅವನು ಒಪ್ಪುತ್ತಿರಲಿಲ್ಲ.

“ಅಕ್ಕಾ, ನೀವೆಲ್ಲ ಯಾವ ಕಾಲದಲ್ಲಿದ್ದೀರಾ? ಸ್ಟೂಡೆಂಟ್ ವೀಸಾ ಅಂದ್ರೆ ಬರೀ ತಲೆನೋವು. ಟೂರಿಸ್ಟ್ ವೀಸಾ ಬೇಗ ಸಿಗುತ್ತೆ. ಊರು ನೋಡೋಕೆ ಬಂದೆ ಅಂತ ಇಳಿಯೋದು, ಆಮೇಲೆ ಕಾಲೇಜಿಗೆ ಸೇರ್ಕೊಳ್ಳೋದು. ಅಲ್ಲಿ ಯಾರ್ ಕೇಳ್ತಾರೆ?”

ಯಾವತ್ತೂ ಮಾತಾಡದ ಅಪ್ಪ ತಟ್ಟೆಯಿಂದ ತಲೆ ಎತ್ತಿದ. “ನಮ್ ಸಿಟಿ ಬಸ್ಸಲ್ಲೇ ಕೇಳ್ತೀವಲ್ಲಪ್ಪಾ, ಟಿಕೆಟ್ ಎಲ್ಲಿಗೆ ತಗೊಂಡೆ, ಇಳೀತಿರೋದು ಎಲ್ಲಿ ಅಂತ. ದೇಶದವರು ಕೇಳಲ್ವಾ?”

“ಬಾವಾ, ನೀವು ಸುಮ್ನಿರಿ. ನನಗೊಬ್ಬ ಏಜೆಂಟ್ ಗೊತ್ತು. ಕೈಯಾಡಿಸಿದ್ರೆ ಕೆಲಸ ಮುಗೀತು.”

ಮಗಳ ಚಡಪಡಿಕೆ ನೋಡಲಾಗದೆ ಟೈಲರಮ್ಮ ಪಾಸ್‌ಪೋರ್ಟ್ ತೆಗೆದು ತಮ್ಮನ ಕೈಗಿಟ್ಟಳು. ಗಡಿಬಿಡಿಯೂ ಏಜೆಂಟ್ ತೋರಿಸಿದ ಕಡೆ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದಳು. ಆನ್‌ಲೈನ್‌ನಲ್ಲಿ ಅರ್ಜಿ ಹೋಗಿಯೇಬಿಟ್ಟಿತು.

ಆ ವಾರ ಪಕ್ಕದ ಮನೆಯ ಕಾಲೇಜಕ್ಕ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು. ಊರಿನ ದೊಡ್ಡ ಕಾಲೇಜಿನಲ್ಲಿ ಹೊರದೇಶದ ವಿದ್ಯಾರ್ಥಿಗಳ ವಿಭಾಗವನ್ನು ನೋಡಿಕೊಳ್ಳುವವಳು ಅವಳೇ.

“ಮಗಳು ಯಾವಾಗ ಹೊರಡೋದು?”

“ಟೂರಿಸ್ಟ್ ವೀಸಾಗೆ ಹಾಕಿದೀವಿ. ಬಂದ ತಕ್ಷಣ ಹೊರಡೋದೇ” ಎಂದಳು ಟೈಲರಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಕಾಲೇಜಕ್ಕ ತೊಟ್ಟಿದ್ದ ಕೋಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. “ಓದೋಕೆ ಹೋಗೋಳಿಗೆ ಟೂರಿಸ್ಟ್ ವೀಸಾ ಯಾಕೆ?”

ಪಕ್ಕದಲ್ಲೇ ಕೂತಿದ್ದ ಮಾವ ಎದೆಯುಬ್ಬಿಸಿದ. “ಅಲ್ಲಿ ಹೋದ್ಮೇಲೆ ಬದಲಾಯಿಸ್ಕೊಳ್ಳೋದು ಮೇಡಂ. ಎಲ್ರೂ ಹಾಗೇ ಮಾಡೋದು.”

“ಎಲ್ರೂ ಅಂದ್ರೆ ಯಾರು?”

ಮಾವ ತಲೆ ಕೆರೆದುಕೊಂಡ. “ಏಜೆಂಟ್ ಹಾಗಂದ.”

“ಹೊರದೇಶದಿಂದ ಬರೋರನ್ನ ಸೇರಿಸ್ಕೊಳ್ಳೋ ಬಾಗಿಲಲ್ಲಿ ಕೂತಿರೋಳು ನಾನು” ಎಂದಳು ಕಾಲೇಜಕ್ಕ. “ಬೇರೆ ದೇಶದಿಂದ ಒಂದು ಹುಡುಗಿ ಹೀಗೇ ಊರು ನೋಡೋ ವೀಸಾದಲ್ಲಿ ನಮ್ಮ ಕಾಲೇಜಿಗೆ ಬಂದ್ಲು. ಓದಿನಲ್ಲಿ ಬೆಂಕಿ. ನನಗೆ ಸೇರಿಸ್ಕೊಳ್ಳೋ ಆಸೆ, ಅವಳಿಗೆ ಸೇರೋ ಆಸೆ, ಕಾನೂನು ಮಾತ್ರ ಒಪ್ಪಲಿಲ್ಲ. ನನ್ ಮುಂದೇನೇ ಕೂತು ಅತ್ತು ವಾಪಸ್ ಹೋದ್ಲು. ಕೆಲವು ದೇಶದಲ್ಲಿ ವೀಸಾ ಬದಲಾಯಿಸೋಕೆ ಬಿಡಬಹುದು, ಎಷ್ಟೋ ಕಡೆ ಬಿಡಲ್ಲ. ದೇಶಕ್ಕೊಂದು ನಿಯಮ. ಅದೂ ವರ್ಷ ವರ್ಷ ಬದಲಾಗುತ್ತೆ. ಇವಳು ಹೋಗೋ ದೇಶದ ನಿಯಮ ಏನು ಅಂತ ನೋಡಿದ್ರಾ?”

ಯಾರೂ ನೋಡಿರಲಿಲ್ಲ. ಬಾಗಿಲ ಬಳಿ ಕೂತಿದ್ದ ಗಡಿಬಿಡಿ ಅಲ್ಲೇ ಮೊಬೈಲಿನಲ್ಲಿ ಆ ದೇಶದ ಸರ್ಕಾರದ್ದೇ ಜಾಲತಾಣ ತೆರೆದು ಜೋರಾಗಿ ಓದಿದಳು. ಪ್ರವಾಸಿ ವೀಸಾದಲ್ಲಿ ಬಂದವರು ಕಾಲೇಜು ಸೇರುವಂತಿಲ್ಲ. ಸುಳ್ಳು ಹೇಳಿ ಬಂದರೆ ಮುಂದೆ ವರ್ಷಗಟ್ಟಲೆ ವೀಸಾ ಇಲ್ಲ. ಓದುತ್ತ ಓದುತ್ತ ಅವಳ ದನಿ ಇಳಿಯಿತು.

“ಹಾಳಾದ ನಿಯಮಗಳು” ಎಂದು ಗೊಣಗಿದ ಮಾವ. “ಯಾವನೋ ಎಲ್ಲೋ ಕೂತು ಸಹಿ ಹಾಕ್ತಾನೆ, ನಮ್ ಮನೆ ಹುಡುಗಿ ಒದ್ದಾಡಬೇಕು.”

“ಅದು ಮಾತ್ರ ನಿಜ” ಎಂದು ಕಾಲೇಜಕ್ಕ ಒಪ್ಪಿದಳು. “ನಮ್ ಸರ್ಕಾರವೂ ಒಂದ್ಸಲ ನಿಯಮ ಬಿಗಿ ಮಾಡಿತ್ತು. ಆ ವರ್ಷ ನಾನು ನೊಣ ಹೊಡೀತಾ ಕೂತಿದ್ದೆ. ಹಾಸ್ಟೆಲ್ ಖಾಲಿ, ಲಾಡ್ಜ್ ಖಾಲಿ. ಆಮೇಲೆ ಸಡಿಲ ಮಾಡಿದ್ರು ನೋಡಿ, ಮಕ್ಕಳು ಬಂದ್ರು. ಅವರನ್ನ ನೋಡೋಕೆ ಅಪ್ಪ ಅಮ್ಮ ಬಂದ್ರು, ಅಣ್ಣ ತಂಗಿ ಬಂದ್ರು, ಊರೆಲ್ಲ ಸುತ್ತಿದ್ರು. ಟೈಲರಮ್ಮಾ, ನಿಮ್ ಅಂಗಡೀಲಿ ಪ್ಯಾಂಟು ಗಿಡ್ಡ ಮಾಡಿಸ್ಕೊಂಡು ಹೋದೋರು ಯಾರು?”

“ಅಯ್ಯೋ ಹೌದಲ್ವಾ!” ಎಂದಳು ಟೈಲರಮ್ಮ. “ಒಬ್ರಂತೂ ಮಗನ ಪದವಿ ಸಮಾರಂಭಕ್ಕೆ ಅಂತ ಬಂದು, ಕೋಟಿನ ಗುಂಡಿ ಹಾಕೋಕಾಗ್ತಿಲ್ಲ, ಈಗ್ಲೇ ಬಿಚ್ಚಿ ಹೊಲಿದುಕೊಡಿ ಅಂತ ಇಲ್ಲೇ ಕೂತಿದ್ರು. ನಗ್ತಾ ನಗ್ತಾ ಹೊಟ್ಟೆ ಒಳಗೆ ಎಳ್ಕೊಂಡು ತೋರಿಸಿದ್ರು!”

“ಅದಕ್ಕೇ ಹೇಳಿದ್ದು. ನಿಯಮ ಬಿಗಿಯಾದ್ರೆ ಎಲ್ರಿಗೂ ನಷ್ಟ. ಸಡಿಲ ಮಾಡಿ ಅಂತ ಕಾಲೇಜುಗಳು ಕೇಳ್ತಾನೇ ಇರ್ತವೆ. ಆದ್ರೆ ಅದು ಬದಲಾಗೋ ತನಕ ಮುಂಬಾಗಿಲಿನಿಂದಾನೇ ಹೋಗಬೇಕು. ಕಿಟಕಿ ಹಾರಿದ್ರೆ ಕಳ್ಳ ಅಂತಾರೆ.”

ಗಡಿಬಿಡಿ ಎದ್ದು ನಿಂತಳು. “ಅಕ್ಕಾ, ಈಗ ಏನ್ ಮಾಡ್ಲಿ?”

“ಮೊದಲು ಪಾಸ್‌ಪೋರ್ಟ್ ತಗೊಂಡು ಬಾ.”

ತಾಯಿ, ಮಗಳು, ಮಾವ ಮೂವರೂ ಏಜೆಂಟನ ಆಫೀಸಿಗೆ ಹೋದರು. ಗಾಜಿನ ಬಾಗಿಲು, ಗೋಡೆ ತುಂಬ ವಿಮಾನದ ಚಿತ್ರ. ಅರ್ಜಿಯಲ್ಲಿ ಏನು ಬರೆದಿದ್ದಾನೆಂದು ಗಡಿಬಿಡಿ ಆಗಲೇ ಮೊದಲ ಸಲ ಓದಿದ್ದು. ‘ಭೇಟಿಯ ಉದ್ದೇಶ: ಚಿಕ್ಕಮ್ಮನ ಮನೆಯಲ್ಲಿ ರಜೆ ಕಳೆಯುವುದು.’

“ಯಾವ ಚಿಕ್ಕಮ್ಮ?” ಎಂದಳು ಟೈಲರಮ್ಮ. “ನನಗೆ ತಂಗೀನೇ ಇಲ್ಲ. ಇರೋನು ಇವನೊಬ್ಬನೇ ತಮ್ಮ.”

“ಬರೆಯೋಕೆ ಏನಾದ್ರೂ ಬೇಕಲ್ಲಮ್ಮಾ” ಎಂದು ಏಜೆಂಟ್ ನಕ್ಕ. “ಇಷ್ಟು ದೂರ ಬಂದ್ಮೇಲೆ ಹಿಂದೆ ಸರೀಬೇಡಿ. ಪಾಸ್‌ಪೋರ್ಟ್ ಇಲ್ಲೇ ಇರ್ಲಿ, ಕೆಲಸ ಆದ್ಮೇಲೆ ಕೊಡ್ತೀನಿ.”

ಟೈಲರಮ್ಮ ಕುರ್ಚಿ ಎಳೆದುಕೊಂಡು ಅವನೆದುರೇ ಕೂತಳು. “ಸರಿ. ನಾನೂ ಇಲ್ಲೇ ಇರ್ತೀನಿ. ಒಳಗೆ ಬರೋ ಒಬ್ಬೊಬ್ಬರಿಗೂ ಆ ಚಿಕ್ಕಮ್ಮನ ಕಥೆ ಹೇಳ್ತೀನಿ. ಸಂಜೆ ಅಷ್ಟೊತ್ತಿಗೆ ಪೊಲೀಸರಿಗೂ ಹೇಳ್ತೀನಿ.”

ಅಷ್ಟು ಹೊತ್ತಿಗೆ ಬಾಗಿಲು ತಳ್ಳಿಕೊಂಡು ಒಬ್ಬ ತಂದೆ, ಮಗ ಒಳಗೆ ಬಂದರು. ಟೈಲರಮ್ಮ ಗಂಟಲು ಸರಿಮಾಡಿಕೊಂಡಳು. ಏಜೆಂಟ್ ಡ್ರಾಯರ್ ಎಳೆದು ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟ. ಮಾವ ಅದನ್ನು ಎತ್ತಿ ಸೊಸೆಯ ಕೈಗೆ ಕೊಟ್ಟ. ದಾರಿಯಲ್ಲಿ, “ತಪ್ಪು ನಂದೇ ಅಕ್ಕಾ” ಎಂದ. ಅದೊಂದು ದಾಖಲೆಯೇ.

ಆವತ್ತೇ ಗಡಿಬಿಡಿ ಕಾಲೇಜಕ್ಕನ ಜೊತೆ ಕೂತಳು. ಪ್ರವಾಸಿ ವೀಸಾದ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆಂದು ವೀಸಾ ಕಚೇರಿಗೆ ಬರೆದಳು. ಆಚೆಯ ಕಾಲೇಜಿಗೂ ಬರೆದಳು: ವೀಸಾ ತಡವಾಗುತ್ತಿದೆ, ಸೇರಲು ಸ್ವಲ್ಪ ಕಾಲಾವಕಾಶ ಕೊಡುತ್ತೀರಾ? ಕಾಲೇಜು ಒಂದು ಗಡುವು ಕೊಟ್ಟಿತು. ಅದರೊಳಗೆ ಬಂದರೆ ಈ ವರ್ಷ, ಇಲ್ಲದಿದ್ದರೆ ಮುಂದಿನ ವರ್ಷ. ಹಾಗೆ ಕೇಳಬಹುದೆಂಬುದೇ ಅಲ್ಲಿಯತನಕ ಈ ಮನೆಯವರಿಗೆ ಗೊತ್ತಿರಲಿಲ್ಲ. ಆಮೇಲೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿದಳು, ತನ್ನ ಕೈಯಾರೆ, ಸಾಲು ಸಾಲು ಓದಿಕೊಂಡು.

“ಅಕ್ಕಾ, ಹಳೇ ಅರ್ಜಿ ವಿಷ್ಯ ಕೇಳಿದ್ರೆ?” ಎಂದು ಸಂದರ್ಶನದ ಹಿಂದಿನ ದಿನ ಕೇಳಿದಳು.

“ಇದ್ದದ್ದು ಇದ್ದ ಹಾಗೆ ಹೇಳು. ಅರ್ಜಿ ತಿದ್ದಬಹುದು, ಸುಳ್ಳು ತಿದ್ದೋಕಾಗಲ್ಲ.”

ಕೇಳಿಯೇ ಕೇಳಿದರು. ವೀಸಾ ಕಚೇರಿಯಲ್ಲಿ ಗಾಜಿನ ಹಿಂದೆ ಕೂತಿದ್ದ ಅಧಿಕಾರಿಣಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದಳು. “ಇದಕ್ಕೆ ಮುಂಚೆ ಪ್ರವಾಸಿ ವೀಸಾಗೆ ಅರ್ಜಿ ಹಾಕಿದ್ರಿ. ಚಿಕ್ಕಮ್ಮನ ಮನೆಗೆ ಅಂತಿದೆ. ಯಾರು ಆ ಚಿಕ್ಕಮ್ಮ?”

ಗಡಿಬಿಡಿ ಗಾಜಿಗೆ ಹತ್ತಿರ ಸರಿದಳು. “ಅಂಥ ಚಿಕ್ಕಮ್ಮ ಯಾರೂ ಇಲ್ಲ ಮೇಡಂ.”

ಅಧಿಕಾರಿಣಿ ಈಗ ತಲೆ ಎತ್ತಿದಳು.

“ಏಜೆಂಟ್ ಬರೆದಿದ್ದು. ನಾನು ಓದದೇ ಸಹಿ ಹಾಕಿದೆ, ತಪ್ಪು ನನ್ನದೇ. ಬೇಗ ಹೋಗಬೇಕು ಅನ್ನೋ ಅವಸರ. ಸುಳ್ಳು ಅಂತ ಗೊತ್ತಾದ ದಿನಾನೇ ಹಿಂದಕ್ಕೆ ತಗೊಂಡೆ. ನಾನು ಹೋಗ್ತಿರೋದು ಊರು ನೋಡೋಕಲ್ಲ, ಮಕ್ಕಳಿಗೆ ಕಾಲು ಮಾಡೋದು ಕಲಿಯೋಕೆ.”

“ಕಾಲು?”

ಗಡಿಬಿಡಿಗೆ ಅಷ್ಟು ಸಾಕಾಗಿತ್ತು. ಭಯ ಮರೆತೇ ಹೋಯಿತು. ಅಚ್ಚು ಹೇಗೆ ತೆಗೆಯುತ್ತಾರೆ, ಎಲ್ಲಿ ಒತ್ತಿದರೆ ಮಗು ಅಳುತ್ತದೆ, ಓಡುವ ಕಾಲಿನ ಪಾದ ಯಾಕೆ ಬೇರೆ ಥರ ಬಾಗಬೇಕು, ಎಲ್ಲವನ್ನೂ ಗಾಜಿನ ಮೇಲೆ ಬೆರಳಾಡಿಸಿ ತೋರಿಸಿದಳು.

“ಓದು ಮುಗಿದ್ಮೇಲೆ ಅಲ್ಲೇ ಉಳೀತೀರಾ?”

“ಇಲ್ಲ ಮೇಡಂ. ನನ್ ಮಕ್ಕಳೆಲ್ಲ ಇಲ್ಲೇ ಇದ್ದಾರೆ.”

“ನಿಮಗೆ ಮದುವೆ ಆಗಿಲ್ಲ ಅಂತಿದೆ?”

“ಅಯ್ಯೋ, ಆಸ್ಪತ್ರೆ ಮಕ್ಕಳು ಮೇಡಂ!”

ಅಧಿಕಾರಿಣಿ ಮುಗುಳ್ನಕ್ಕಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪಾಸ್‌ಪೋರ್ಟ್ ಇಟ್ಟುಕೊಂಡು, “ತಿಳಿಸ್ತೀವಿ” ಎಂದಳಷ್ಟೇ.

ಗಡುವು ಹತ್ತಿರವಾಗುತ್ತ ಬಂತು. ಮಾವ ದಿನಾ ಬಂದು, “ಬಂತಾ?” ಎಂದು ಕೇಳಿ, ಇಲ್ಲವೆಂದರೆ ತಲೆ ತಗ್ಗಿಸಿ ಹೋಗುತ್ತಿದ್ದ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಹೋದರಾಯಿತು ಎಂದು ಗಡಿಬಿಡಿ ಎಲ್ಲರಿಗೂ ಸಮಾಧಾನ ಹೇಳುವಳು. ಹೇಳುತ್ತ ಉಗುರು ಕಚ್ಚುವಳು.

ಒಂದು ಮಧ್ಯಾಹ್ನ ಕೊರಿಯರ್‌ನವನು ಬಂದ. ಗಡಿಬಿಡಿ ಲಕೋಟೆ ಹರಿದು ಪಾಸ್‌ಪೋರ್ಟಿನ ಪುಟ ತಿರುವಿದಳು. ಅಂಟಿಸಿದ ವೀಸಾದಲ್ಲಿ ಅವಳದೇ ಫೋಟೋ, ಪಕ್ಕದಲ್ಲಿ ‘ವಿದ್ಯಾರ್ಥಿ’ ಎಂಬ ಮಾತು. ಅವಳು ಕಿರುಚಿದ ಹೊಡೆತಕ್ಕೆ ಟೈಲರಮ್ಮ ಕೈಲಿದ್ದ ಕತ್ತರಿ ಬಿಟ್ಟು ಓಡಿ ಬಂದಳು.

“ಅಪ್ಪಂಗೆ ಹೇಳಬೇಕು!”

“ಬಸ್ ಓಡಿಸ್ತಿದ್ದಾರೆ ಕಣೇ, ಫೋನ್ ಎತ್ತಲ್ಲ.”

ತಾಯಿ ಮಗಳು ಬೀದಿಯಲ್ಲಿ ಓಡಿದರು. ಗದ್ದಲ ಕೇಳಿ ಹಿಂದಿನಿಂದ ಕಾಲೇಜಕ್ಕ, ಅವಳ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದ ಮಾವ. ಸ್ಟಾಪಿಗೆ ಅಪ್ಪನ ಬಸ್ಸು ಬಂದು ನಿಂತಿತು. ಗಡಿಬಿಡಿ ಪಾಸ್‌ಪೋರ್ಟಿನ ಪುಟ ಅಗಲಿಸಿ ಮುಂದಿನ ಗಾಜಿಗೆ ಎದುರಾಗಿ ಎತ್ತಿ ಹಿಡಿದಳು. ಡ್ರೈವರ್ ಸೀಟಿನಲ್ಲಿದ್ದ ಅಪ್ಪ ಕಣ್ಣು ಕಿರಿದು ಮಾಡಿ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಸೀಟಿನಿಂದ ಅರ್ಧ ಎದ್ದು, ಬಸ್ಸಿನೊಳಗೆ ತಿರುಗಿ, ಜನ್ಮದಲ್ಲೇ ಮೊದಲ ಸಲ ಗಟ್ಟಿಯಾಗಿ ಕೂಗಿದ. “ನನ್ ಮಗಳಿಗೆ ವೀಸಾ ಬಂತೂ!” ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಹಿಂದಿನ ಸೀಟಿನ ಅಜ್ಜಿಯೊಬ್ಬರು, ಏನು ಎತ್ತ ಎಂದು ತಿಳಿಯದೆಯೇ, ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಗಡುವಿನೊಳಗೆ ಗಡಿಬಿಡಿ ಆ ದೇಶದಲ್ಲಿ ಇಳಿದಳು. ವಿಮಾನ ನಿಲ್ದಾಣದ ತಪಾಸಣೆ ಕೌಂಟರಿನಲ್ಲಿ, “ಯಾಕೆ ಬಂದಿದ್ದೀರಿ?” ಎಂದು ಕೇಳಿದಾಗ, “ಓದೋಕೆ” ಎಂದಳು. ಅದೊಂದೇ ಮಾತು. ಠಪ್ಪೆಂದು ಮುದ್ರೆ ಬಿತ್ತು. ಪಕ್ಕದ ಸಾಲಿನಲ್ಲಿ ಅವಳದೇ ವಯಸ್ಸಿನವನೊಬ್ಬನ ಬ್ಯಾಗು ಬಿಚ್ಚಿಸುತ್ತಿದ್ದರು. ಊರು ನೋಡಲು ಬಂದೆನೆಂದ ಅವನ ಬಟ್ಟೆಗಳ ನಡುವೆ ಕಾಲೇಜಿನ ಪ್ರವೇಶಪತ್ರ ಸಿಕ್ಕಿತ್ತು. ಅವನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದದ್ದನ್ನು ಕಂಡು ಅವಳ ಕಣ್ಣಲ್ಲಿ ನೀರು ಬಂತು. ಏಜೆಂಟನ ಮಾತು ಕೇಳಿದ್ದರೆ ಅವಳೂ ಅಲ್ಲೇ ನಿಲ್ಲಬೇಕಾಗುತ್ತಿತ್ತು.

ಓದು ಮುಗಿಯಿತು. ಪದವಿ ಸಮಾರಂಭಕ್ಕೆ ಅಪ್ಪ ಅಮ್ಮ ಇಬ್ಬರೂ ಹೊರಟರು. ಅವರದು ಪ್ರವಾಸಿ ವೀಸಾ, ಅವರು ನಿಜಕ್ಕೂ ನೋಡಲೆಂದೇ ಹೊರಟವರು! ಅವರ ಅರ್ಜಿ ತುಂಬಿಸಿದ್ದು ಮಾವ. ಸರ್ಕಾರದ ಜಾಲತಾಣವನ್ನೇ ತೆರೆದು, ‘ಉದ್ದೇಶ: ಮಗಳ ಪದವಿ ಸಮಾರಂಭ’ ಎಂದು ತುಂಬಿ, ಅಕ್ಕನಿಗೂ ಬಾವನಿಗೂ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿದ. ಈಗ ಅವನ ಮೊಬೈಲ್ ಅಂಗಡಿಗೆ ಯಾರಾದರೂ ಬಂದು ಏಜೆಂಟನ ಮಾತೆತ್ತಿದರೆ, “ಮೊದ್ಲು ಜಾಲತಾಣ ನೋಡಿದ್ರಾ?” ಎಂದು ಕೇಳುತ್ತಾನೆ.

ಗಡಿಬಿಡಿ ಹೇಳಿದಂತೆಯೇ ಊರಿಗೆ ಮರಳಿದಳು. ಅವಳು ಮಾಡಿದ ಮೊದಲ ಓಡುವ ಕಾಲನ್ನು ಹಾಕಿಕೊಂಡ ಪುಟ್ಟ ಹುಡುಗಿ ಆಸ್ಪತ್ರೆಯ ಉದ್ದದ ಕಾರಿಡಾರಿನಲ್ಲಿ ಎರಡು ಹೆಜ್ಜೆ ನಡೆದಳು, ನಿಂತಳು, ಆಮೇಲೆ ಓಡಿಯೇಬಿಟ್ಟಳು. “ನಿಲ್ಲೇ, ನಿಲ್ಲೇ!” ಎನ್ನುತ್ತ ನರ್ಸು ಹಿಂದೆ ಓಡಿದರೂ ಕೈಗೆ ಸಿಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗಳೋ ಮಗನೋ ಹೊರದೇಶಕ್ಕೆ ಹೊರಟಿದ್ದರೆ ಹೆದರಬೇಡಿ, ಅವಸರವನ್ನೂ ಪಡಬೇಡಿ. ಓದಲು ಹೋಗುವವರಿಗೆ ವಿದ್ಯಾರ್ಥಿ ವೀಸಾ, ನೋಡಲು ಹೋಗುವವರಿಗೆ ಪ್ರವಾಸಿ ವೀಸಾ. ನಿಯಮವನ್ನು ಆ ದೇಶದ ಸರ್ಕಾರದ ಜಾಲತಾಣದಲ್ಲೇ ಓದಿ, ಹೋದ ವರ್ಷ ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ. ಸೀಟು ಸಿಕ್ಕ ಕೂಡಲೇ ಅರ್ಜಿ ಹಾಕಿ. ತಡವಾದರೆ ಕಾಲೇಜಿಗೆ ಬರೆದು ಕಾಲಾವಕಾಶ ಕೇಳಿ, ಕೇಳಿದರೆ ಕಳೆದುಕೊಳ್ಳುವುದೇನಿಲ್ಲ. ಓದದೆ ಎಲ್ಲಿಯೂ ಸಹಿ ಹಾಕಬೇಡಿ, ನಿಮ್ಮದಲ್ಲದ ಸುಳ್ಳಿಗೆ ನಿಮ್ಮ ಹೆಸರು ಕೊಡಬೇಡಿ. ನಿಮ್ಮ ಮಕ್ಕಳು ಕಲಿತು ತರುವ ವಿದ್ಯೆಗಾಗಿ ಇಲ್ಲಿ ಯಾರೋ ಕಾಯುತ್ತಿದ್ದಾರೆ. ಕಳಿಸಿಕೊಡಿ, ಮುಂಬಾಗಿಲಿನಿಂದಲೇ, ತಲೆಯೆತ್ತಿ ನಡೆಯುವ ಹಾಗೆ ಕಳಿಸಿಕೊಡಿ.