ಗೋಡೆಯ ಅಳತೆಯ ಮೊಗ

ನಾನೊಂದು ಕಂಚಿನ ಮೊಗ. ಕೋಣನ ಮುಖ, ಹಿಂದಕ್ಕೆ ಬಾಗಿದ ಕೊಂಬು, ಅಗಲವಾದ ಮೂಗು, ಎಲೆಯ ಹಾಗೆ ಚಾಚಿದ ಎರಡು ಕಿವಿ. ತುಳುನಾಡಿನಲ್ಲಿ ಮೈಸಂದಾಯನೆಂಬ ದೈವದ ನೇಮ, ಅಂದರೆ ಕೋಲದ ಉತ್ಸವ, ನಡೆಯುವಾಗ, ದೈವ ಕಟ್ಟುವವರು ಮುಖಕ್ಕೆ ಹಿಡಿಯುವುದು ನನ್ನಂಥ ಮೊಗವನ್ನೇ. ನನ್ನಂಥದ್ದನ್ನು ಅಂದೆ, ನನ್ನನ್ನಲ್ಲ. ನಾನು ದೈವಸ್ಥಾನವನ್ನು ಕಂಡವನೇ ಅಲ್ಲ. ಆದರೆ ಕೇಳಿ, ನಾನು ಮಣ್ಣಿನಿಂದ ಹೊರಬಂದ ದಿನವೇ ನನಗೆ ನಾನೂರು ವರ್ಷ ತುಂಬಿತ್ತು! ಅಂಥ ಭಾಗ್ಯ ಯಾರಿಗುಂಟು?

ನನ್ನನ್ನು ಎರಕ ಹೊಯ್ದವರು ಕಾರ್ಕಳದ ಕಡೆಯ ಸಂಜೀವ ಆಚಾರ್ಯರು. ಅವರು ಎರೆಯುತ್ತಿದ್ದದ್ದು ದೀಪ, ಗಂಟೆ, ಕೇಳಿದವರಿಗೆ ಮೊಗ. ಮೊಗ ಬೇಕೆಂದು ದೈವಸ್ಥಾನದವರು ಬಂದರೆ ಆಚಾರ್ಯರದು ಒಂದು ಕ್ರಮವಿತ್ತು. ಅದನ್ನು ಹಿಡಿಯುವ ಮನುಷ್ಯ ಖುದ್ದಾಗಿ ಬರಬೇಕು. ಅವನನ್ನು ಮಣೆಯ ಮೇಲೆ ಕೂರಿಸಿ, ಎಳೆಯ ತೆಂಗಿನ ಗರಿಯೊಂದನ್ನು ಕಿವಿಯಿಂದ ಕಿವಿಗೆ, ಮೂಗಿನ ಮೇಲಿಂದ ಹಾಯಿಸಿ, ಅಳತೆಗೆ ಸರಿಯಾಗಿ ಹರಿದುಕೊಳ್ಳುವರು. ಆಮೇಲೆ ಆ ಗರಿಯನ್ನು ಮಾಡಿನ ಹಂಚಿಗೆ ಸಿಕ್ಕಿಸಿ ಇಡುವರು. ಅವರ ಎರಕದ ಕೊಟ್ಟಿಗೆಯಲ್ಲಿ ತಲೆಯೆತ್ತಿ ನೋಡಿದರೆ ಎಷ್ಟೋ ಜನರ ಮುಖಗಳು ಒಣಗಿ ತೂಗುತ್ತಿದ್ದವು.

ನನಗೆ ಬೇಡಿಕೆ ಇಟ್ಟವನು ಗಿರಿಧರ, ಹಳೆಯ ಸಾಮಾನುಗಳ ವ್ಯಾಪಾರಿ.

"ಯಾರ ಮುಖಕ್ಕೆ?" ಎಂದು ಆಚಾರ್ಯರು ಗರಿ ಹಿಡಿದು ಕೇಳಿದರು.

"ಗೋಡೆಗೆ. ದೊಡ್ಡ ಹೋಟೆಲಿನ ಗೋಡೆಗೆ."

"ಗೋಡೆಗೆ ಮೂಗುಂಟಾ ಮಾರಾಯ್ರೆ? ಉಸಿರಿಗೆ ತೂತು ಎಲ್ಲಿ ಬಿಡಲಿ?"

"ಬಿಡಲೇಬೇಡಿ. ಯಾರು ಹಿಡಿದು ನೋಡುತ್ತಾರೆ? ದೈವದ ಮೊಗ ಅಂದರೆ ನಮ್ಮವರು ಕೈ ಮುಗಿಯುತ್ತಾರೆ, ಮುಖಕ್ಕೆ ಹಿಡಿಯುವುದಿಲ್ಲ. ಎದುರಿನಿಂದ ಚಂದ ಕಂಡರೆ ಆಯಿತು."

ಆಚಾರ್ಯರು ನಕ್ಕು ಗರಿಯನ್ನು ಕೆಳಗೆ ಹಾಕಿದರು. ಹೀಗೆ ನನ್ನೊಬ್ಬನ ಅಳತೆ ಮಾತ್ರ ಆ ಮಾಡಿನಲ್ಲಿ ಇಲ್ಲ.

ಆದರೆ ಚಂದಕ್ಕೆ ಅವರು ಮೋಸ ಮಾಡಲಿಲ್ಲ. ಜೇನುಮೇಣದಲ್ಲಿ ನನ್ನ ಹುಬ್ಬಿನ ಒಂದೊಂದು ಗೆರೆಯನ್ನೂ ತಿದ್ದಿದರು. ಮೇಲೆ ಹುತ್ತದ ಮಣ್ಣು ಮೆತ್ತಿದರು. ಬೆಂಕಿಗೆ ಮೇಣ ಕರಗಿ ಹರಿದುಹೋಯಿತು. ಆ ಖಾಲಿ ಜಾಗಕ್ಕೆ ಕುದಿಯುವ ಕಂಚಾಗಿ ನಾನು ನುಗ್ಗಿದೆ ನೋಡಿ! ಮೂಗಿಗೆ ಇಳಿದೆ, ಕೊಂಬಿಗೆ ಹತ್ತಿದೆ, ಕಿವಿಯ ತುದಿ ಮುಟ್ಟಿ ನಿಂತೆ. ಮಣ್ಣು ಒಡೆದಾಗ ಬಿಸಿಲು ನನ್ನ ಮೇಲೆ ಬಿದ್ದು, ಆಚಾರ್ಯರೇ ಕಣ್ಣು ಮುಚ್ಚಿಕೊಂಡರು.

ಗಿರಿಧರನಿಗೆ ಆ ಹೊಳಪು ಬೇಕಿರಲಿಲ್ಲ. ಅವನು ನನ್ನನ್ನು ಮನೆಗೆ ಒಯ್ದು, ಉಪ್ಪು, ಗಂಜಲ ಬಳಿದು, ತನ್ನ ಗೊಬ್ಬರದ ಗುಂಡಿಯಲ್ಲಿ ಹೂತ. ಒಂದು ಮಳೆಗಾಲವಿಡೀ ಅಲ್ಲಿದ್ದೆ. ಕತ್ತಲು, ಬಿಸಿ, ಹುಳಗಳ ಓಡಾಟ. ಹೊರಗೆ ತೆಗೆದಾಗ ನಾನು ಹಸಿರಾಗಿದ್ದೆ. ಗಿರಿಧರ ನನ್ನ ಕೆನ್ನೆ ತಟ್ಟಿ, "ಅಜ್ಜ ಬಂದ!" ಎಂದ. ಹುಟ್ಟಿ ವರ್ಷವೂ ಆಗದವನಿಗೆ ಅಜ್ಜನೆಂಬ ಹೆಸರು! ನಾನು ಉಬ್ಬಿಹೋದೆ.

ಹೋಟೆಲಿನ ಗೋಡೆ ಬರೀ ನೆಪ. ನಾನೂರು ವರ್ಷ ಹಳೆಯದೆಂಬ ಗಿರಿಧರನ ಮಾತು ನಂಬಿ ನನ್ನನ್ನು ಕೊಂಡವರು ಮಂಗಳೂರಿನ ವಾಮನ ಬಾಳಿಗರು. ಹಂಚಿನ ಕಾರ್ಖಾನೆ ನಡೆಸಿ, ಅದನ್ನು ಮುಚ್ಚಿದ ಮೇಲೆ ಹಳೆಯ ಕಂಚಿನ ಹಿಂದೆ ಬಿದ್ದವರು. ಅವರ ನಡುಮನೆಯ ಗೋಡೆಯ ತುಂಬ ಮೊಗಗಳು, ದೀಪಗಳು. ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನನ್ನು ನೋಡಿದ್ದೇ ಅವರು ಒಳಗೆ ಕೂಗಿದರು.

"ಶಾಂಭವೀ, ಬಾ ಇಲ್ಲಿ! ಎಂಥ ಹಸಿರು ನೋಡು!"

ಅವರ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಹುಣಸೆಹುಳಿ ಹಾಕಿ ತಿಕ್ಕಿದರೆ ಹೋಗ್ತದೆ ಬಿಡಿ."

"ತಿಕ್ಕುವುದಾ! ನಾನೂರು ವರ್ಷವನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕಿ ಮೋರಿಗೆ ಬಿಡುತ್ತೀಯಾ?"

ಬಾಳಿಗರು ನನ್ನ ಮುಂದೆ ಕೈ ಮುಗಿದರು. ಎಲ್ಲಕ್ಕಿಂತ ಎತ್ತರದ ಮೊಳೆಗೆ ನನ್ನನ್ನು ತೂಗುಹಾಕಿದರು. ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆ. ಅವರೂ ಮುಟ್ಟುತ್ತಿರಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಝುಮ್ಮೆನ್ನುತ್ತದೆ. ಉಡುಪಿಯಿಂದ, ಬೆಂಗಳೂರಿನಿಂದ, ಕೊಚ್ಚಿಯಿಂದ ಸಂಗ್ರಹಕಾರರು ಬಂದರು. ನನ್ನ ಕೆಳಗೆ ಕುತ್ತಿಗೆ ಎತ್ತಿ ನಿಂತರು. "ಹಳೆಯದು ಅಂದರೆ ಹೀಗಿರಬೇಕು" ಎಂದರು. ಅಲ್ಲಿಗೆ ಮುಗಿಯಲಿಲ್ಲ. ಎಲ್ಲರೂ ತಂತಮ್ಮ ಸಾಮಾನನ್ನು ನನ್ನ ಪಕ್ಕ ಹಿಡಿದು ನೋಡತೊಡಗಿದರು. ನನ್ನಷ್ಟು ಹಸಿರಿಲ್ಲದ್ದು, ನನ್ನಷ್ಟು ಓರಣವಿಲ್ಲದ್ದು ಅವರ ಕಣ್ಣಿಗೆ ಸಂಶಯದ್ದಾಯಿತು. ಉಡುಪಿಯ ಒಬ್ಬರಂತೂ ತಮ್ಮ ಅಜ್ಜಿಯ ಕಾಲದ ನಿಜವಾದ ದೀಪವನ್ನು ಹಸಿರು ಬರಲೆಂದು ಗೊಬ್ಬರದಲ್ಲಿ ಹೂತರಂತೆ! ಗೋಡೆಯ ಮೇಲೆ ನಾನು ನಗೆ ತಡೆದುಕೊಂಡೆ. ಕಂಚಿಗೆ ಅದೊಂದು ಸುಲಭ, ಮುಖ ಬದಲಾಗುವುದಿಲ್ಲ.

ಬಾಳಿಗರಿಗೆ ಮಕ್ಕಳಿರಲಿಲ್ಲ. ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ಒಂದು ವಸ್ತುಸಂಗ್ರಹಾಲಯ ಮಾಡಿ, ಎಲ್ಲವನ್ನೂ ಊರಿಗೆ ಬಿಟ್ಟುಕೊಡಬೇಕೆಂಬುದೇ ಅವರ ಹಂಬಲ. ಉದ್ಘಾಟನೆಯ ದಿನ ಗೊತ್ತಾಯಿತು. ಆಮಂತ್ರಣ ಪತ್ರಿಕೆಯ ಮೇಲೆ ಯಾರ ಚಿತ್ರ ಅಂದುಕೊಂಡಿರಿ? ನನ್ನದೇ!

ಅಷ್ಟರಲ್ಲಿ ಒಂದು ಮಧ್ಯಾಹ್ನ ಪೊಲೀಸ್ ಜೀಪು ಬಂತು. ಇನ್ಸ್‌ಪೆಕ್ಟರ್ ಒಬ್ಬರು ಗೋಣಿಯಲ್ಲಿ ಸುತ್ತಿದ ವಸ್ತುವೊಂದನ್ನು ಮೇಜಿನ ಮೇಲಿಟ್ಟರು. ಅವರ ಹಿಂದೆ ಬೆಳ್ತಂಗಡಿ ಕಡೆಯ ಗಿರಿಜಾ ಶೆಡ್ತಿ ಬಂದರು. ತಮ್ಮೂರಿನ ದೈವಸ್ಥಾನವನ್ನು ನೋಡಿಕೊಳ್ಳುವ ಗುತ್ತಿನ ಮನೆಯ ಹಿರಿಯರು, ಎಲ್ಲರಿಗೂ ಗಿರಿಜಕ್ಕ. ಗೋಣಿಯೊಳಗೆ ಇದ್ದದ್ದು ಮೈಸಂದಾಯನ ಮೊಗ.

"ಇವರ ದೈವಸ್ಥಾನದಲ್ಲಿ ಮೊಗ ಕಳವಾಗಿದೆ" ಎಂದರು ಇನ್ಸ್‌ಪೆಕ್ಟರ್. "ಒಬ್ಬನ ಹತ್ತಿರ ಇದು ಸಿಕ್ಕಿತು. ಅವನು ಇದು ಹೊಸ ಮಾಲು, ಅಂಗಡಿಯಲ್ಲಿ ಕೊಂಡದ್ದು ಅನ್ನುತ್ತಾನೆ. ಹೊಸತೇ ಆದರೆ ಅವನಿಗೇ ವಾಪಸು ಕೊಡಬೇಕು. ಹಳೆಯದಾದರೆ ಇವರಿಗೆ. ನೀವು ತಿಳಿದವರು, ಹೇಳಿ."

"ಫೋಟೋ ಉಂಟಾ ಗಿರಿಜಕ್ಕ?" ಎಂದು ಬಾಳಿಗರು ಕೇಳಿದರು.

"ದೈವದ ಮೊಗದ ಫೋಟೋ ತೆಗೆಯುವ ಕ್ರಮ ನಮ್ಮಲ್ಲಿಲ್ಲ."

ಬಾಳಿಗರು ನನ್ನನ್ನು ಮೊಳೆಯಿಂದ ಇಳಿಸಿ ಅದರ ಪಕ್ಕದಲ್ಲಿಟ್ಟರು. ಹೋಲಿಕೆ ಎಲ್ಲಿ ಬಂತು? ಅದರ ಒಂದು ಕಿವಿ ಸೊಟ್ಟ. ಒಳಗೆ ತೇಪೆ. ಮೂಗು ಸವೆದು ಮೊಂಡಾಗಿತ್ತು. ಮೈಯಲ್ಲಿ ಹಸಿರಿನ ಸುಳಿವಿಲ್ಲ, ಬರೇ ಹೊಳಪು. ನಾನು ಮದುಮಗನ ಹಾಗೆ ಕುಳಿತಿದ್ದೆ.

"ಇದು ಹೊಸತು" ಎಂದರು ಬಾಳಿಗರು. "ಹಳೆಯದಕ್ಕೆ ಹಸಿರು ಬರಬೇಕಿತ್ತು. ನನ್ನದನ್ನು ನೋಡಿ."

"ಹಸಿರು ಎಲ್ಲಿಂದ ಬರಬೇಕು ಬಾಳಿಗರೇ? ಪ್ರತಿ ನೇಮಕ್ಕೂ ಹುಣಸೆಹುಳಿ ಹಾಕಿ ತೊಳೆಯುತ್ತೇವೆ. ನಿಮ್ಮದನ್ನು ತೊಳೆಯುವವರೇ ಇರಲಿಲ್ಲವಾ? ಅನಾಥ ಮೊಗವಾ ಅದು?"

ಶಾಂಭವಿಯಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಬಾಳಿಗರ ಮುಖ ಕೆಂಪಾಯಿತು.

"ಇನ್ನೊಂದು ಮಾಡಿಸಿಕೊಳ್ಳಿ ಗಿರಿಜಕ್ಕ. ಬೇಕಾದರೆ ಖರ್ಚು ನಾನು ಕೊಡುತ್ತೇನೆ."

ಗಿರಿಜಕ್ಕನ ದನಿ ತಗ್ಗಿತು. "ಹೊಸತು ಮಾಡಿಸಿದರೆ ಹಳೆಯದನ್ನು ನಾವೇ ಬಿಟ್ಟುಕೊಟ್ಟ ಹಾಗೆ. ಅದನ್ನು ಹಿಡಿದು ದೈವ ನಮ್ಮ ಅಜ್ಜನಿಗೆ ಅಭಯ ಕೊಟ್ಟದ್ದು, ಅಮ್ಮನಿಗೆ ಕೊಟ್ಟದ್ದು. ಈ ಸಲ ನೇಮಕ್ಕೆ ನಾನು ಬರಿಗೈಯಲ್ಲಿ ನಿಲ್ಲುವುದಾ?"

ಕಾಫಿಗೆಂದು ಶಾಂಭವಿಯಮ್ಮ ಎಲ್ಲರನ್ನೂ ಒಳಗೆ ಕರೆದರು. ಮೇಜಿನ ಮೇಲೆ ನಾವಿಬ್ಬರೇ ಉಳಿದೆವು. ನಾನು ಒಂದೇ ಸಮನೆ ಮಾತಾಡಿದೆ. ನನ್ನ ಹಸಿರು, ಕೊಚ್ಚಿಯವರ ಹೊಗಳಿಕೆ, ಪತ್ರಿಕೆಯ ಚಿತ್ರ, ಎಲ್ಲ ಹೇಳಿದೆ. ಅದು ಒಂದು ಮಾತನ್ನೂ ಆಡಲಿಲ್ಲ. ಕೋಪವಿರಲಿಲ್ಲ, ಬಿಗುಮಾನವೂ ಇರಲಿಲ್ಲ. ಮಗ್ಗುಲಾಗಿ ಮಲಗಿದ್ದರಿಂದ ಅದರ ಒಳಭಾಗ ನನಗೆ ಕಾಣುತ್ತಿತ್ತು. ಹಣೆ ತಾಗುವಲ್ಲಿ, ಎರಡು ಕೆನ್ನೆ ಕೂರುವಲ್ಲಿ ಲೋಹ ಸವೆದು ನುಣ್ಣಗಾಗಿತ್ತು. ತೆಂಗಿನೆಣ್ಣೆಯ, ಬೆವರಿನ ವಾಸನೆ. ಎಷ್ಟು ಮುಖಗಳು ಅಲ್ಲಿ ಉಸಿರಾಡಿ ಹೋಗಿದ್ದವೋ! ನನ್ನ ಮಾತು ತಾನಾಗಿ ನಿಂತಿತು. ನನ್ನ ಒಳಗೆ ಏನುಂಟೆಂದು ನಾನು ಅಂದಿನವರೆಗೆ ಯೋಚಿಸಿದ್ದೇ ಇಲ್ಲ.

ಇನ್ಸ್‌ಪೆಕ್ಟರ್ ಬಾಳಿಗರ ಅಭಿಪ್ರಾಯ ಬರೆದುಕೊಂಡು, ಆ ಮೊಗವನ್ನು ಮತ್ತೆ ಗೋಣಿಯಲ್ಲಿ ಸುತ್ತಿ ಒಯ್ದರು. ಗಿರಿಜಕ್ಕ ಹೋಗುವಾಗ ಬಾಗಿಲಲ್ಲಿ ಒಮ್ಮೆ ನಿಂತು ನನ್ನನ್ನು ನೋಡಿದರು.

ಅನಾಥ ಮೊಗವಾ ಎಂಬ ಅವರ ಪ್ರಶ್ನೆ ಬಾಳಿಗರನ್ನು ಬಿಡಲಿಲ್ಲ: ಹಾಗಾದರೆ ಇದನ್ನು ಹಿಡಿದವರು ಯಾರು? ಮರುದಿನ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, ಒಂದು ಕೆನ್ನೆಯಲ್ಲಿ ನೊರೆ ಇಟ್ಟುಕೊಂಡೇ ನಡುಮನೆಗೆ ಬಂದರು. ಬಾಗಿಲು ಹಾಕಿದರು. ನನ್ನನ್ನು ಇಳಿಸಿದರು. ಕಣ್ಣಿಗೊತ್ತಿಕೊಂಡು, "ತಪ್ಪಾದರೆ ಹೊಟ್ಟೆಗೆ ಹಾಕಿಕೋ" ಎಂದು ಪಿಸುಗುಟ್ಟಿದರು. ಆಮೇಲೆ ನನ್ನನ್ನು ತಮ್ಮ ಮುಖಕ್ಕೆ ಏರಿಸಿದರು.

ಮುಖ! ನನ್ನೊಳಗೆ ಒಂದು ಮುಖ! ಬಿಸಿಯಾದ, ಒದ್ದೆಯಾದ, ಸಾಬೂನಿನ ವಾಸನೆಯ ಮುಖ! ಕುದಿಯುವ ಕಂಚಾಗಿ ನುಗ್ಗಿದ ದಿನವೂ ನಾನು ಹಾಗೆ ನಡುಗಿರಲಿಲ್ಲ. ಇರು, ಇನ್ನೊಂದು ಗಳಿಗೆ ಇರು ಎಂದು ಕೂಗಬೇಕೆನ್ನಿಸಿತು. ಆದರೆ ಅವರ ಮೂಗು ನನ್ನೊಳಗಿನ ದಪ್ಪ ಗಂಟಿಗೆ ಒತ್ತಿಕೊಂಡಿತ್ತು. ಉಸಿರಿಗೆ ದಾರಿಯಿಲ್ಲ. ಕಣ್ಣಿನ ತೂತುಗಳು ಎಲ್ಲೋ ಕಿವಿಯ ಹತ್ತಿರ. ಅವರು ತಿರುಗಿಸಿ, ಬಾಗಿಸಿ, ಎಲ್ಲ ರೀತಿಯಲ್ಲೂ ಹಿಡಿದು ನೋಡಿದರು. ಕೊನೆಗೆ ಕೆಮ್ಮುತ್ತ ನನ್ನನ್ನು ಕೆಳಗಿಟ್ಟು ಕುಸಿದು ಕುಳಿತರು. ನನ್ನ ಬಾಳಿನ ಅತಿ ದೊಡ್ಡ ಸಂತೋಷವೂ ನನ್ನ ನಾನೂರು ವರ್ಷದ ಸಾವೂ ಒಂದೇ ಗಳಿಗೆಯಲ್ಲಿ ಬಂದವು.

"ಶಾಂಭವೀ, ಇದನ್ನು ಯಾವ ಮನುಷ್ಯನೂ ಹಿಡಿದಿಲ್ಲ. ಹಿಡಿಯಲಿಕ್ಕೆ ಸಾಧ್ಯವೇ ಇಲ್ಲ."

ಶಾಂಭವಿಯಮ್ಮ ಬಾಗಿಲು ತೆರೆದು ಬಂದು, ಅವರ ಮೂಗಿನ ಮೇಲಿನ ಹಸಿರು ಕಲೆಯನ್ನು ನೋಡಿ ನಗಲು ಹೋದರು, ನಗಲಿಲ್ಲ. ಸೆರಗಿನಿಂದ ಒರೆಸಿದರು.

ಗಿರಿಧರನಿಗೆ ಫೋನು ಹೋಯಿತು. ಅವನ ಗಟ್ಟಿ ದನಿ ನನಗೂ ಕೇಳಿಸಿತು. "ಸುಮ್ಮನಿರಿ ಬಾಳಿಗರೇ. ಒಂದು ನಕಲಿ ಅಂತ ನೀವೇ ಹೇಳಿದರೆ ಉಳಿದದ್ದನ್ನೆಲ್ಲ ಯಾರು ನಂಬುತ್ತಾರೆ? ಉದ್ಘಾಟನೆಗೆ ಕಾಗೆಯೂ ಬರುವುದಿಲ್ಲ. ಇದುವರೆಗೆ ಯಾರು ಕಂಡುಹಿಡಿದರು ಹೇಳಿ?"

"ನಾನು" ಎಂದು ಬಾಳಿಗರು ಫೋನು ಇಟ್ಟರು.

ಠಾಣೆಗೆ ಹೋಗುವಾಗ ಕಾರಿನಲ್ಲಿ ನಾನು ಅವರ ತೊಡೆಯ ಮೇಲಿದ್ದೆ. ಗಿರಿಜಕ್ಕನನ್ನೂ ಅಲ್ಲಿಗೆ ಕರೆಸಿದ್ದರು. ಬಾಳಿಗರು ನನ್ನನ್ನು ಇನ್ಸ್‌ಪೆಕ್ಟರ್ ಕೈಗೆ ಕೊಟ್ಟು, "ಮುಖಕ್ಕೆ ಹಿಡಿಯಿರಿ, ಹೆದರಬೇಡಿ" ಎಂದರು. ಇನ್ಸ್‌ಪೆಕ್ಟರ್ ಹಿಡಿದರು, ಸೀನಿದರು, ಇಳಿಸಿದರು.

"ಈಗ ಅವರದನ್ನು ಹಿಡಿಯಲಾ?"

"ಬೇಡ!" ಗಿರಿಜಕ್ಕನೂ ಬಾಳಿಗರೂ ಒಟ್ಟಿಗೆ ಕೂಗಿದರು. ಬಾಳಿಗರು ಆ ಮೊಗವನ್ನು ಮೆಲ್ಲನೆ ತಿರುಗಿಸಿ, ಸವೆದ ಹಣೆಯ ಜಾಗವನ್ನು, ಕೆನ್ನೆಯ ಜಾಗಗಳನ್ನು ಬೆರಳಲ್ಲಿ ಮುಟ್ಟದೆ ತೋರಿಸಿದರು. "ಇಷ್ಟು ಸವೆಯಬೇಕಾದರೆ ತಲೆಮಾರುಗಳು ಬೇಕು. ನಾನು ಎದುರಿನಿಂದ ಮಾತ್ರ ನೋಡಿದ್ದೆ. ನನ್ನ ಅಭಿಪ್ರಾಯ ಹೊಡೆದುಹಾಕಿ. ಇದು ಇವರದು, ನಕಲಿ ನನ್ನದು."

ಕಾಗದಪತ್ರಕ್ಕೆ ಕೆಲವು ದಿನ ಹಿಡಿಯಿತು. ಆದರೆ ನೇಮಕ್ಕೆ ಮೊದಲೇ ಮೊಗ ಊರು ಸೇರಿತೆಂದು ಆಮೇಲೆ ಕೇಳಿದೆ. ಠಾಣೆಯ ಮೆಟ್ಟಿಲಿಳಿಯುವಾಗ ಗಿರಿಜಕ್ಕ ಕೇಳಿದರು:

"ನಿಮ್ಮದನ್ನು ಎಂತ ಮಾಡುತ್ತೀರಿ?"

"ಕರಗಿಸುತ್ತೇನೆ."

ನನ್ನ ಕಂಚೆಲ್ಲ ತಣ್ಣಗಾಯಿತು.

"ಯಾಕೆ? ಅದೇನು ಪಾಪ ಮಾಡಿದೆ? ನಿಮಗೆ ಬುದ್ಧಿ ಕಲಿಸಿತಲ್ಲ. ಇನ್ನೂ ನಾಲ್ಕು ಜನರಿಗೆ ಕಲಿಸಲಿ, ಬಿಡಿ."

ಉದ್ಘಾಟನೆಗೆ ಬೆಂಗಳೂರಿನವರು ಬರಲಿಲ್ಲ, ಕೊಚ್ಚಿಯವರೂ ಬರಲಿಲ್ಲ. ಗೋಡೆಯ ಮೇಲಿದ್ದ ಒಂದೊಂದನ್ನೂ ಬಾಳಿಗರು ಮತ್ತೆ ಪರೀಕ್ಷೆ ಮಾಡಿಸಿದರು. ಇನ್ನೂ ಕೆಲವು ನಕಲಿ ಹೊರಬಿದ್ದವು, ಉಳಿದವು ಗಟ್ಟಿಯಾಗಿ ನಿಂತವು. ಗಿರಿಜಕ್ಕ ಮಾತ್ರ ಒಂದು ಬಸ್ಸು ತುಂಬ ಊರವರನ್ನು ಕರೆದುಕೊಂಡು ಬಂದಿದ್ದರು.

ಈಗ ನನ್ನ ವಾಸ ವಸ್ತುಸಂಗ್ರಹಾಲಯದ ಬಾಗಿಲ ಪಕ್ಕ. ಒಳಗಿನವರೆಲ್ಲ ಗಾಜಿನ ಹಿಂದೆ. ನಾನು ಒಂದು ಸರಪಳಿಯಲ್ಲಿ, ಎಲ್ಲರ ಕೈಗೆ ಎಟಕುವ ಹಾಗೆ. ಫಲಕದಲ್ಲಿ ಬಾಳಿಗರ ಅಕ್ಷರ: "ಇದು ನಕಲಿ. ಮುಖಕ್ಕೆ ಹಿಡಿದು ನೋಡಿ."

ಹಿಡಿಯುತ್ತಾರೆ! ಶಾಲೆಯ ಹುಡುಗಿಯರು ಸಾಲು ನಿಂತು, ತಳ್ಳಾಡಿ, "ನನಗೆ, ನನಗೆ" ಎಂದು ಹಿಡಿಯುತ್ತಾರೆ. "ಅಯ್ಯೋ, ಉಸಿರೇ ಬರುವುದಿಲ್ಲ!" ಎಂದು ಕಿರುಚಿ ಇನ್ನೊಮ್ಮೆ ಹಿಡಿಯುತ್ತಾರೆ. ಕೆಲವೊಮ್ಮೆ ದೊಡ್ಡ ಸಂಗ್ರಹಕಾರರು ಬಂದು, ನಗುತ್ತಲೇ ನನ್ನನ್ನು ಎತ್ತಿ, ಕೆಳಗಿಟ್ಟು, ಒಳಗಿನದೇನನ್ನೂ ನೋಡದೆ ಅವಸರದಲ್ಲಿ ಮನೆಗೆ ಹೊರಡುತ್ತಾರೆ. ಅವರ ಗೋಡೆಯ ಮೇಲೆ ಏನು ತೂಗುತ್ತಿರಬಹುದೆಂದು ನನಗೆ ಗೊತ್ತು. ಒಮ್ಮೆ ಸಂಜೀವ ಆಚಾರ್ಯರೂ ಬಂದಿದ್ದರು, ಕೋಲೂರಿಕೊಂಡು. ಫಲಕ ಓದಿದರು, ನನ್ನನ್ನು ಓದಿದರು.

"ನನ್ನ ಕೈಯದು" ಎಂದರು ಬಾಳಿಗರಿಗೆ. "ಹೋಟೆಲಿನ ಗೋಡೆಗೆ ಅಂದಿದ್ದ ಆ ಪುಣ್ಯಾತ್ಮ. ಕೊಡಿ, ಮೂಗಿಗೊಂದು ತೂತು ಕೊರೆದು ಕೊಡುತ್ತೇನೆ."

"ಬೇಡ ಆಚಾರ್ರೇ, ಇದ್ದ ಹಾಗೇ ಇರಲಿ."

ಆಚಾರ್ಯರು ತಲೆಯಾಡಿಸಿ, ನನ್ನ ಹುಬ್ಬನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ ಹೋದರು.

ಗೊಬ್ಬರದ ಗುಂಡಿಯ ಹಸಿರು ಈಗ ನನ್ನ ಮೈಮೇಲಿಲ್ಲ. ಸಾವಿರ ಕೈಗಳು ಅದನ್ನು ಒರೆಸಿಕೊಂಡು ಹೋದವು. ಸಂಜೆ ಬಾಗಿಲು ಹಾಕುವ ಮೊದಲು ಬಾಳಿಗರು ಬಟ್ಟೆಯಿಂದ ನನ್ನ ಒಳಭಾಗ ಒರೆಸುತ್ತಾರೆ. ನಿನ್ನೆ ಅವರ ಕೈ ಒಂದು ಕಡೆ ನಿಂತಿತು. ಹಣೆ ತಾಗುವ ಜಾಗದಲ್ಲಿ, ಕಾಳಿನಷ್ಟು, ಲೋಹ ಸವೆದು ನುಣ್ಣಗಾಗಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಬೆರಳಿನಿಂದ ಸವರಿ ನನ್ನನ್ನು ಸರಪಳಿಗೆ ಬಿಟ್ಟರು. ನಿಮಗೆ ಹೇಳದೆ ಇರಲಾರೆ: ನನಗೆ ವಯಸ್ಸಾಗುತ್ತಿದೆ!