ಒಂದು ಚಾ ಕುಡಿಯುವಷ್ಟು ಹೊತ್ತು

ನಾನು ಒಂದು ವಾಲ್ವ್ ಆಂಪ್ಲಿಫೈಯರ್. ಹಾಡು ಇರುವುದು ರಿಕಾರ್ಡಿನಲ್ಲಿ, ಕೇಳಿಸುವುದು ಸ್ಪೀಕರಿನಲ್ಲಿ. ನಡುವೆ ಕುಳಿತು ಆ ಸಣ್ಣ ದನಿಯನ್ನು ಮನೆ ತುಂಬುವಷ್ಟು ದೊಡ್ಡದು ಮಾಡುವವನು ನಾನು. ಹೆಸರು ಅವರಿಬ್ಬರಿಗೆ, ಮೈ ಸುಟ್ಟುಕೊಳ್ಳುವುದು ನನಗೆ. ಹಾಗಂತ ನಾನು ದೂರು ಹೇಳಲು ಕುಳಿತಿಲ್ಲ. ನನ್ನಷ್ಟು ಸುಖವಾಗಿ ಬಾಳಿದ ಯಂತ್ರ ಧಾರವಾಡ ಸೀಮೆಯಲ್ಲಿ ಇನ್ನೊಂದು ಇರಲಾರದು.

ಹುಟ್ಟಿದ್ದು ಹುಬ್ಬಳ್ಳಿಯ ದುರ್ಗದಬೈಲಿನ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ. ಹುಟ್ಟಿಸಿದವನು ಮಕ್ತುಮಸಾಬ. ನನ್ನ ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಅವನು ತನ್ನ ಕೈಯಾರೆ ಸುತ್ತಿ, ಕುದಿಯುವ ಮೇಣದಲ್ಲಿ ಅದ್ದಿ ತೆಗೆದ. ಮುರಿದ ತೊಟ್ಟಿಲೊಂದರ ಸಾಗವಾನಿ ಹಲಗೆಯಿಂದ ಪೆಟ್ಟಿಗೆ ಮಾಡಿದ. ಮೇಲೆ ನಾಲ್ಕು ಗಾಜಿನ ವಾಲ್ವು, ಮುಂದೆ ಒಂದು ಕೆಂಪು ದೀಪ. ಮೊದಲ ಸಲ ದನಿ ತೆಗೆದಾಗ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು, "ಭೇಷ್ ಮಗನ!" ಅಂದ. ಆ ಹೊಗಳಿಕೆಯ ಮೇಲೆಯೇ ನಾನು ಇಷ್ಟು ವರ್ಷ ಬದುಕಿದ್ದೇನೆ.

ನನ್ನನ್ನು ಕೊಂಡವರು ಧಾರವಾಡದ ಮಾಳಮಡ್ಡಿಯ ವಾಮನ ಮಾಸ್ತರರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಮದುವೆಯಾಗಿ ಮೂರು ತಿಂಗಳಾಗಿತ್ತು. ಟಾಂಗಾಕ್ಕೆ ನನ್ನನ್ನು ಹತ್ತಿಸುವಾಗ ಮಕ್ತುಮಸಾಬ ಹೇಳಿದ: "ಮಾಸ್ತರ, ಹಚ್ಚಿದ ಕೂಡ್ಲೆ ಹಾಡಸಬ್ಯಾಡ್ರಿ. ವಾಲ್ವ್ ಬಿಸಿ ಆಗಬೇಕು. ಒಂದು ಚಾ ಕುಡಿಯೋವಷ್ಟು ಹೊತ್ತು ತಡೀರಿ. ಆಮ್ಯಾಲೆ ನೋಡ್ರಿ ಅದರ ದನಿ!"

ನನ್ನ ಬಾಳಿನ ಇಡೀ ಕಥೆ ಆ ಒಂದು ಮಾತಿನಿಂದ ಹುಟ್ಟಿತು. ಮಕ್ತುಮಸಾಬನ ಚಾ ಎಂದರೆ ಎದುರಂಗಡಿಯಿಂದ ಬರುವ ಅರ್ಧ ಕಪ್ಪು. ಬಸಿಗೆ ಸುರುವಿ, ಎರಡು ಸಲ ಊದಿ, ಎರಡು ಗುಟುಕಿಗೆ ಮುಗಿಸುತ್ತಿದ್ದ. ಒಂದೂವರೆ ನಿಮಿಷ. ಮಾಸ್ತರರ ಮನೆಯ ಚಾ ಹಾಗಲ್ಲ. ಒಲೆ ಊದಬೇಕು, ಹಾಲು ಕಾಯಬೇಕು, ಶುಂಠಿ ಜಜ್ಜಬೇಕು, ಸೋಸಬೇಕು, ಹಿರಿಯರಿಗೆ ಮೊದಲು ಹೋಗಬೇಕು. ಕಪ್ಪು ಕೆಳಗಿಡುವ ಹೊತ್ತಿಗೆ ಅರ್ಧ ತಾಸು. ಪಾಪ ಮಾಸ್ತರರು ತಮ್ಮ ಮನೆಯ ಚಾ ಲೆಕ್ಕದಲ್ಲೇ ಆ ಮಾತು ಕೇಳಿಸಿಕೊಂಡರು.

ಸತ್ಯ ಹೇಳಿಬಿಡುತ್ತೇನೆ. ಒಂದೂವರೆ ನಿಮಿಷಕ್ಕೆ ನನ್ನ ದನಿ ಕೂಡುತ್ತದೆ. ಅದಾದ ಮೇಲೆ ಒಂದಿಷ್ಟು ಹೊತ್ತು ಚೂರುಪಾರು ಸುಧಾರಿಸುತ್ತೇನೆ ನಿಜ, ಆದರೆ ಆ ಫರಕು ಕೇಳುವ ಕಿವಿ ಇನ್ನೂ ಹುಟ್ಟಿಲ್ಲ.

ಮಾಸ್ತರರ ಮನೆಯಲ್ಲಿ ತಾಯಿ ಇದ್ದರು, ಇಬ್ಬರು ತಮ್ಮಂದಿರಿದ್ದರು, ಬಂದು ಹೋಗುವ ನೆಂಟರಿಗೆ ಲೆಕ್ಕವಿರಲಿಲ್ಲ. ಹಿರಿಯರ ಎದುರು ಗಂಡ ಹೆಂಡತಿ ಹಗಲಿನಲ್ಲಿ ಕುಳಿತು ಮಾತಾಡುವುದೆಂದರೆ ಆ ಕಾಲಕ್ಕೆ ದೊಡ್ಡ ಅಚಾತುರ್ಯ. ಹೆಂಡತಿ ಯಮುನಾ ಕಲಘಟಗಿಯಿಂದ ಬಂದ ಹುಡುಗಿ. ಈ ಮನೆಗೆ ಬಂದು ಮೂರು ತಿಂಗಳಲ್ಲಿ ಗಂಡನ ಜೊತೆ ಹಗಲು ಆಡಿದ ಮಾತು, ಊಟಕ್ಕೆ ಬಡಿಸುವಾಗಿನ "ಇನ್ನೊಂಚೂರು ಸಾರು?" ಅಷ್ಟೇ.

ಮೊದಲ ರವಿವಾರ ಸಂಜೆ ಐದೂವರೆಗೆ ಮಾಸ್ತರರು ನನ್ನ ಗುಂಡಿ ತಿರುಗಿಸಿದರು.

"ಅವ್ವಾ, ಇದು ಕಾಯೋತನಕ ಇದರ ಮುಂದ ಕೂಡಬೇಕಂತ," ಅಂದರು ತಾಯಿಗೆ. "ಗವಾಯಿಗಳು ತಂಬೂರಿ ಕೂಡಸ್ಲಿಕ್ಕೆ ಅರ್ಧ ತಾಸು ತಗೋತಾರಲ್ಲ, ಹಂಗ."

"ಕೂಡಪಾ, ಯಾರು ಬ್ಯಾಡಂದ್ರು? ಚಾ ಅಲ್ಲೇ ಕಳಸ್ತೀನಿ," ಅಂದರು ತಾಯಿ.

ಚಾ ತಂದವಳು ಯಮುನಾ. ನಾನು ಮೊಣಕಾಲೆತ್ತರದ ಸಣ್ಣ ಮೇಜಿನ ಮೇಲಿದ್ದವನು, ನನಗೆ ಮುಖಗಳಿಗಿಂತ ಪಾದಗಳ ಪರಿಚಯ ಹೆಚ್ಚು. ಆ ದಿನ ಅವಳ ಪಾದಗಳು ಹೊಸ್ತಿಲು ದಾಟಲಿಲ್ಲ. ಕಪ್ಪು ವಾಪಸ್ಸು ಒಯ್ಯುವ ನೆಪದಲ್ಲಿ ಅಲ್ಲೇ ನಿಂತಳು. ಬೆಳ್ಳಿಯ ಕಾಲುಂಗುರ ಇನ್ನೂ ಹೊಸ ಹೊಳಪಿನಲ್ಲಿತ್ತು. "ಕಾಲು ನೋಯ್ತಾವೇನು?" ಎಂದು ಮಾಸ್ತರರು ಕೇಳಿದರು. "ಇಲ್ರೀ," ಅಂದಳು. ಆ ರವಿವಾರ ಇಷ್ಟೇ. ದೀಪಾವಳಿ ಹೊತ್ತಿಗೆ ಆ ಪಾದಗಳು ಹೊಸ್ತಿಲು ದಾಟಿದವು. ಯುಗಾದಿಗೆ ಮಾಸ್ತರರ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಬಂತು. ರಿಕಾರ್ಡು ಶುರುವಾದ ಮೇಲೆ ಯಾರೂ ತುಟಿ ಪಿಟಕ್ಕೆನ್ನಬಾರದು ಎಂಬುದು ಮಾಸ್ತರರ ಕಟ್ಟಳೆ. ಆದ್ದರಿಂದ ಮಾತೆಲ್ಲ ಆ ಅರ್ಧ ತಾಸಿನಲ್ಲೇ ಆಗಬೇಕು. ಎಷ್ಟು ನಗುತ್ತಿದ್ದರು! ಹೆಡ್‌ಮಾಸ್ತರರ ಛತ್ರಿ, ಕಲಘಟಗಿಯ ಸೋದರಮಾವನ ಗೊರಕೆ, ಎಲ್ಲ ನನಗೆ ಬಾಯಿಪಾಠವಾದವು.

ಒಮ್ಮೆ ಮಾಸ್ತರರ ತಮ್ಮ ಪಾಂಡುರಂಗ ಏನೋ ಹುಡುಕುತ್ತ ನಮ್ಮ ಕೋಣೆಗೆ ನುಗ್ಗಲು ಹೊರಟ. ಅಡುಗೆಮನೆಯಿಂದಲೇ ತಾಯಿಯ ದನಿ ಬಂತು: "ಏ ಪಾಂಡ್ಯಾ, ಒಳಗ ಹೋಗಬ್ಯಾಡ. ಅದು ಇನ್ನೂ ಕಾದಿಲ್ಲ." ಆ ದನಿಯಲ್ಲಿ ಸಣ್ಣ ನಗು ಇತ್ತು. ಮುದುಕಿಗೆ ಎಲ್ಲ ತಿಳಿದಿತ್ತು ಅಂತ ನಾನು ಆಣೆ ಮಾಡಿ ಹೇಳಬಲ್ಲೆ.

ಎರಡನೆಯ ವರ್ಷ ನನ್ನ ಒಂದು ವಾಲ್ವು ಹೋಯಿತು. ಮಾಸ್ತರರು ನನ್ನನ್ನು ಹುಬ್ಬಳ್ಳಿಗೆ ಹೊತ್ತೊಯ್ದರು. ರಿಪೇರಿ ಮಾಡುತ್ತ ಮಕ್ತುಮಸಾಬ, ಎಷ್ಟು ಹೊತ್ತು ಕಾಯಿಸುತ್ತೀರಿ ಎಂದು ವಿಚಾರಿಸಿದ. ಅರ್ಧ ತಾಸು ಎಂಬ ಮಾತು ಕೇಳಿದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ರೀ ಮಾಸ್ತರ, ಒಂದು ಚಾ ಕುಡಿಯಾಕ ಅರ್ಧ ತಾಸು ಬೇಕೇನ್ರೀ? ಒಂದೂವರೆ ನಿಮಿಷ ಸಾಕ್ರೀ ಇದಕ್ಕ!"

ಮಾಸ್ತರರು ಅಂಗಡಿಯ ಬಾಗಿಲತ್ತ ಒಮ್ಮೆ ನೋಡಿದರು. ಆಮೇಲೆ, "ಮಕ್ತುಮಸಾಬ, ಈ ಮಾತು ಇಲ್ಲೇ ಇರಲಿ. ಮನ್ಯಾಗ ಗೊತ್ತಾದ್ರ ಆಕಿ ಅಡಿಗಿಮನಿ ಬಿಟ್ಟು ಬರೂದಿಲ್ಲ," ಅಂದರು.

ಏಳನೆಯ ವರ್ಷ ಮಾಸ್ತರರು ಪರೀಕ್ಷೆಯ ಕೆಲಸಕ್ಕೆ ಪರವೂರಿಗೆ ಹೋದಾಗ ನನ್ನ ಗುಂಡಿ ಕೆಟ್ಟಿತು. ಯಮುನಾಬಾಯಿ ನನ್ನನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಒಯ್ದಳು. ಅದೇ ಅಂಗಡಿ, ಅದೇ ಪ್ರಶ್ನೆ. ಈ ಸಲ ಮಕ್ತುಮಸಾಬ ನಗಲಿಲ್ಲ, ಒಂದೂವರೆ ನಿಮಿಷದ ಸತ್ಯವನ್ನು ಮೆಲ್ಲಗೆ ಹೇಳಿದ. ಯಮುನಾಬಾಯಿ ನನ್ನನ್ನು ಮತ್ತೆ ಸೀರೆಯಲ್ಲಿ ಸುತ್ತತೊಡಗಿದಳು. ಆಮೇಲೆ ಅಂದಳು: "ಅವರಿಗೆ ಇದನ್ನ ಹೇಳಬ್ಯಾಡ್ರೀ. ಹೇಳಿದ್ರ ಪೇಪರ್ ಹಿಡ್ಕೊಂಡು ಕೂತುಬಿಡ್ತಾರ."

"ನನಗ್ಯಾಕ ಬೇಕವ್ವ ದೊಡ್ಡವರ ಮಾತು," ಅಂದ ಮಕ್ತುಮಸಾಬ. ಮೀಸೆಯ ಅಡಿಯಲ್ಲಿ ಅವನ ತುಟಿ ಕುಣಿಯುತ್ತಿತ್ತು.

ಇಬ್ಬರಿಗೂ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ನನಗೆ ಬಾಯಿದ್ದೂ ಇಲ್ಲ. ಇನ್ನೊಬ್ಬರ ಮಾತನ್ನೇ ದೊಡ್ಡದು ಮಾಡಬಲ್ಲೆನೇ ಹೊರತು ನನ್ನದೊಂದು ಮಾತು ಆಡಲಾರೆ. ಹಾಗೇ ವರ್ಷಗಳು ಕಳೆದವು. ತಾಯಿ ತೀರಿಕೊಂಡರು, ತಮ್ಮಂದಿರು ಬೇರೆ ಮನೆ ಮಾಡಿದರು. ಈಗ ಮಾತಾಡಬೇಡಿ ಎನ್ನುವವರು ಯಾರೂ ಇರಲಿಲ್ಲ. ಆದರೂ ನನ್ನ ನೆಪದಲ್ಲೇ ಮಾತಾಡಿ ರೂಢಿಯಾದವರಿಗೆ ನೆಪವಿಲ್ಲದೆ ಎದುರುಬದುರು ಕೂಡಲು ಏನೋ ನಾಚಿಕೆ. ವಾರವೆಲ್ಲ ಅವರು ಪೇಪರಿನಲ್ಲಿ, ಇವಳು ಒಲೆಯ ಮುಂದೆ. ರವಿವಾರ ಐದೂವರೆಗೆ ಮಾತ್ರ ನನ್ನ ಮುಂದೆ ಎರಡು ಕಪ್ಪು ಚಾ.

ಆಗ ಬಂದ ನೋಡಿ, ಮುಕುಂದ! ಪಾಂಡುರಂಗನ ಮಗ, ಹುಬ್ಬಳ್ಳಿಯಲ್ಲಿ ಇಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದ. ದೊಡ್ಡಪ್ಪ ದೊಡ್ಡಮ್ಮನನ್ನು ಕಾಕಾ, ಕಾಕು ಎಂದೇ ಕರೆಯುತ್ತಿದ್ದ. ರಜೆಗೆ ಬರುವಾಗ ಬಗಲಲ್ಲಿ ಹೊಸ ಟ್ರಾನ್ಸಿಸ್ಟರ್ ಸ್ಟೀರಿಯೋ ತಂದಿದ್ದ.

"ಕಾಕಾ, ಇದು ಗುಂಡಿ ಒತ್ತಿದ ಕೂಡ್ಲೆ ಹಾಡ್ತದ. ನಿಮ್ಮ ವಾಲ್ವಿಗೂ ಅರ್ಧ ತಾಸು ಬೇಕಾಗಿಲ್ಲ, ಎರಡು ನಿಮಿಷ ಸಾಕು. ಸುಮ್ಮ ಉರಿಸಿ ಉರಿಸಿ ಅದರ ಆಯುಷ್ಯ ಕಳೀಲಿಕ್ಕತ್ತೀರಿ."

ಹುಡುಗ ಹೇಳಿದ್ದು ಅಕ್ಷರಶಃ ನಿಜ. ಅದಕ್ಕೇ ನನಗೆ ಅವನ ಮೇಲೆ ಸಿಟ್ಟು ಬಂತು.

"ಫರಕ ಅದ," ಅಂದರು ಮಾಸ್ತರರು, ಗಂಟಲು ಸರಿಮಾಡಿಕೊಂಡು.

"ಹಂಗಾರ ಪರೀಕ್ಷಾ ಮಾಡೋಣು. ಆರು ದಿನ. ನೀವು, ಕಾಕು ಇಬ್ಬರೂ ಹಿತ್ತಲದಾಗ ಇರ್ರಿ. ನಾನು ಒಂದೊಂದು ದಿನ ಅರ್ಧ ತಾಸು ಬಿಸಿ ಮಾಡಿ ಹಚ್ಚತೀನಿ, ಒಂದೊಂದು ದಿನ ಎರಡೇ ನಿಮಿಷ. ನೀವು ಕಣ್ಣು ಕಟ್ಟಿಕೊಂಡು ಬಂದು ಕೂತು, ಕೇಳಿ ಹೇಳ್ರಿ. ಆರರಾಗ ಐದು ಸರಿ ಆದ್ರ ನೀವು ಗೆದ್ರಿ. ಇಲ್ಲಾಂದ್ರ ಮರುದಿನದಿಂದ ಈ ಹೊಸಾದು."

ರವಿವಾರ ಆರು ಗಂಟೆಗೆ ಹಾಡು ಕೇಳಲು ಬರುತ್ತಿದ್ದ ಗೆಳೆಯರೆಲ್ಲ ಅಲ್ಲೇ ಕುಳಿತಿದ್ದರು. ಮಾಸ್ತರರು ಹಿಂದೆ ಸರಿಯುವ ಹಾಗಿರಲಿಲ್ಲ. "ಆಗ್ಲಿ," ಅಂದರು. ಯಮುನಾಬಾಯಿಯ ಕಾಲ್ಬೆರಳುಗಳು ನೆಲವನ್ನು ಒತ್ತಿ ಹಿಡಿದದ್ದನ್ನು ನಾನೊಬ್ಬನೇ ಕಂಡೆ.

ನನಗೂ ಭಯವಾಗಿತ್ತು, ಸುಳ್ಳೇಕೆ ಹೇಳಲಿ? ಸೋತರೆ ನಾನು ಅಟ್ಟ ಸೇರುವುದು ಖಂಡಿತ. ಅದಕ್ಕಿಂತ ಹೆಚ್ಚಾಗಿ, ಆ ಎರಡು ಕಪ್ಪುಗಳ ಗತಿ?

ಮೊದಲ ದಿನ ಇಬ್ಬರೂ ಟಾವೆಲಿನಿಂದ ಕಣ್ಣು ಕಟ್ಟಿಕೊಂಡು ಕುರ್ಚಿ, ಸ್ಟೂಲಿನಲ್ಲಿ ಕುಳಿತರು. ಮುಕುಂದ ನನ್ನನ್ನು ಅರ್ಧ ತಾಸು ಬಿಸಿ ಮಾಡಿದ್ದ. ಮಾಸ್ತರರು ತಲೆಯಾಡಿಸಿ ಕೇಳಿ, ಬಹಳ ಗತ್ತಿನಿಂದ "ತಣ್ಣಗದ," ಅಂದರು. ಮುಕುಂದ ವಹಿಯಲ್ಲಿ 'ತಪ್ಪು' ಎಂದು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದ. ಇನ್ನೈದೂ ಸರಿಯಾಗಬೇಕು.

ಎರಡನೆಯ ದಿನವೂ ನಾನು ಬಿಸಿಯಾಗಿದ್ದೆ. ಮಾಸ್ತರರು "ತ..." ಎಂದು ಬಾಯಿ ತೆರೆದರು. ಅಷ್ಟರಲ್ಲಿ ಒಂದು ಕಾಲುಂಗುರದ ಪಾದ ಸರಕ್ಕನೆ ಸರಿದು ಅವರ ಪಾದವನ್ನು ಗಟ್ಟಿಯಾಗಿ ತುಳಿಯಿತು. ಮಾಸ್ತರರು ಬೆಚ್ಚಿದರು. "ತ... ತಡಿ, ಬೆಚ್ಚಗದ, ಬೆಚ್ಚಗ," ಅಂದರು. ಸರಿ!

ಮೂರನೆಯ ದಿನ ಎರಡೇ ನಿಮಿಷ. "ಬೆ..." ಅನ್ನುವಷ್ಟರಲ್ಲಿ ಮತ್ತೆ ತುಳಿತ. "ಬೇ... ಬೇರೆ ಏನಲ್ಲ, ತಣ್ಣಗ!" ಸರಿ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಕೇಳಿದ್ದೆ. ಎರಡು ಬೆಕ್ಕುಗಳು ಕಣ್ಣಿಗೆ ಟಾವೆಲು ಕಟ್ಟಿಕೊಂಡು ಒಂದೇ ಬಟ್ಟಲಿಗೆ ಬಾಯಿ ಹಾಕಿದ್ದನ್ನು ಆಗಲೇ ನೋಡಿದ್ದು. ಆರನೆಯ ದಿನದ ಹೊತ್ತಿಗೆ ಐದು ಸರಿ, ಒಂದು ತಪ್ಪು. ಮುಕುಂದ ವಹಿ ಮುಚ್ಚಿ, "ಸೋತೆ ಕಾಕಾ," ಎಂದು ಕೈ ಮುಗಿದ. ಹೊಸ ಸ್ಟೀರಿಯೋ ಹಾಸ್ಟೆಲಿಗೆ ವಾಪಸ್ಸು ಹೋಯಿತು.

ಮುಂದಿನ ರವಿವಾರ ಐದೂವರೆ. ಕೆಂಪು ದೀಪ, ಎರಡು ಕಪ್ಪು.

"ಅಲ್ಲ, ನಾ ತಪ್ಪು ಹೇಳ್ಲಿಕ್ಕತ್ತೇನಿ ಅಂತ ನಿನಗ ಹ್ಯಾಂಗ ಗೊತ್ತಾಗ್ತಿತ್ತು?" ಎಂದು ಕೇಳಿದರು ಮಾಸ್ತರರು.

"ಅರ್ಧ ತಾಸು ಆದ್ರ ಇದರ ಮೇಣದ ವಾಸನಿ ಬರ್ತದಲ್ರೀ. ಮೊದಲನೇ ದಿನನೂ ಬಂದಿತ್ತು, ನೀವು ತಪ್ಪು ಹೇಳ್ತೀರಂತ ನನಗೇನು ಕನಸೇ?"

"ದನಿಯೊಳಗ ಫರಕ ತಿಳೀಲಿಲ್ಲೇನು?"

"ಫರಕ ಇದ್ರಲ್ಲೇನ್ರೀ ತಿಳಿಯೋದು?" ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಮಾಸ್ತರರು ಕಪ್ಪು ಕೆಳಗಿಟ್ಟರು. "ಮಕ್ತುಮಸಾಬ ಹೇಳ್ಯಾನ?"

"ಅಂದ್ರ... ನಿಮಗೂ ಹೇಳ್ಯಾನ?"

"ಎರಡನೇ ವರ್ಷನ!"

"ಅಯ್ಯ! ಮತ್ತ ಹೇಳಲಿಲ್ಲ?"

"ಹೇಳಿದ್ರ ನೀ ಇಲ್ಲೆ ಬಂದು ಕೂಡ್ತಿದ್ದೇನು?"

ಯಮುನಾಬಾಯಿ ಸೆರಗಿನಿಂದ ಕಣ್ಣೊರಸಿಕೊಂಡು, ಆಮೇಲೆ ನಗಲು ಶುರು ಮಾಡಿದಳು. ಮಾಸ್ತರರೂ ನಕ್ಕರು. ಎಷ್ಟು ನಕ್ಕರೆಂದರೆ ಚಾ ತಣ್ಣಗಾಯಿತು, ಗೆಳೆಯರು ಬಂದು ಬಾಗಿಲು ಬಡಿದರೂ ಏಳಲಿಲ್ಲ. ನನ್ನ ಜೀವಮಾನದಲ್ಲಿ ನಾನು ಕೇಳಿದ ಅತ್ಯಂತ ಸೊಗಸಾದ ದನಿ ಅದು. ಅದನ್ನು ದೊಡ್ಡದು ಮಾಡಲು ನನ್ನ ಅಗತ್ಯವೇ ಬೀಳಲಿಲ್ಲ.

ನಾಲ್ಕು ವರ್ಷಗಳ ಮೇಲೆ ಮುಕುಂದನ ಮದುವೆಯಾಯಿತು. ಅವನಿಗೆ ಬೆಳಗಾವಿಯಲ್ಲಿ ನೌಕರಿ. ಮಾಸ್ತರರು ನನ್ನನ್ನೇ ಉಡುಗೊರೆಯಾಗಿ ಕೊಟ್ಟರು. "ನಿಮಗ ಬ್ಯಾಡೇನ್ರಿ ಕಾಕಾ?" ಎಂದ ಮುಕುಂದ. ಕಾಕು ಉತ್ತರಿಸಿದಳು: "ನಮಗ ಈಗ ಇದರ ಗರಜು ಇಲ್ಲಪಾ. ದಿನಾ ಮಾತಾಡ್ತೀವಿ." ಬಿಟ್ಟು ಬರುವಾಗ ನನಗೆ ಸಂಕಟವಾಯಿತು, ನಿಜ. ಆದರೆ ಕೆಲಸ ಮುಗಿಸಿ ಹೊರಟವನ ಸಂಕಟ ಅದು, ಹೊರಹಾಕಿಸಿಕೊಂಡವನದಲ್ಲ.

ಬೆಳಗಾವಿಯ ಬಾಡಿಗೆ ಮನೆಯಲ್ಲಿ ಮೊದಲ ಸಂಜೆ ಮುಕುಂದನ ಹೆಂಡತಿ ವೈಶಾಲಿ ನನ್ನನ್ನು ಬಗ್ಗಿ ನೋಡಿ, "ಇದು ಬಿಸಿ ಆಗ್ಲಿಕ್ಕೆ ಎಷ್ಟೊತ್ತು ಬೇಕ್ರಿ?" ಎಂದು ಕೇಳಿದಳು. ಮುಕುಂದ ಈಗ ಪಕ್ಕಾ ಇಂಜಿನಿಯರು. ಒಂದೂವರೆ ನಿಮಿಷವೆಂದು ಯಾವ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವನು.

"ಅರ್ಧ ತಾಸು," ಅಂದ. "ನಮ್ಮ ಕಾಕಾ ಪರೀಕ್ಷಾ ಮಾಡಿ ತೋರಿಸ್ಯಾರ. ನಾನ ಕಣ್ಣಾರೆ ನೋಡೇನಿ."

ಕಣ್ಣಾರೆ! ಆಗ ನನಗೆ ಹೊಳೆಯಿತು. ಆ ಆರು ದಿನ ಕಣ್ಣು ಕಟ್ಟಿಕೊಂಡಿದ್ದವರು ಅವರಿಬ್ಬರು ಮಾತ್ರ. ಮುಕುಂದನ ಕಣ್ಣಿಗೆ ಟಾವೆಲು ಇರಲಿಲ್ಲ. ಕಾಕುವಿನ ಕಾಲು ಅವನಿಗೂ ಕಂಡಿತ್ತು. ಅಂದಿನಿಂದ ಅವನ ಮೇಲಿನ ನನ್ನ ಸಿಟ್ಟು ಇಳಿಯಿತು.

ಈಗ ನಾನು ಮುದುಕ. ತೊಟ್ಟಿಲ ಹಲಗೆ ಬಿರುಕು ಬಿಟ್ಟಿದೆ, ಪುಸ್ತಕದ ಕಪಾಟಿನ ಕೆಳಗಿನ ಮೂಲೆ ನನ್ನ ಜಾಗ. ಈ ಮನೆಯಲ್ಲಿ ಗುಂಡಿ ಒತ್ತದೆಯೇ, ಬರೀ ಬಾಯಿಮಾತಿಗೆ ಹಾಡುವ ಯಂತ್ರಗಳೂ ಬಂದಿವೆ. ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಯಂತ್ರ ತಡಮಾಡದಿದ್ದರೆ ಅದರ ಮುಂದೆ ಕೂಡುವವರು ಯಾರು ಎಂದಷ್ಟೇ ಯೋಚಿಸುತ್ತೇನೆ. ಸುಮ್ಮನೆ ಉರಿದು ನನ್ನ ಆಯುಷ್ಯ ಕಳೆಯಿತು ಎಂದಿದ್ದ ಮುಕುಂದ. ಕಳೆದದ್ದು ಹೌದು, ಸುಮ್ಮನೆ ಅಲ್ಲ.

ಹೋದ ತಿಂಗಳು ನನ್ನ ದನಿ ನಿಂತಿತು. ಮುಕುಂದನಿಗೆ ಆಫೀಸಿನಲ್ಲಿ ಪುರುಸೊತ್ತಿರಲಿಲ್ಲ. ವೈಶಾಲಿಯೇ ನನ್ನನ್ನು ಆಟೋದಲ್ಲಿ ಕೂಡಿಸಿಕೊಂಡು, ಕೇಳುತ್ತ ಕೇಳುತ್ತ ಒಬ್ಬ ಹಳೆಯ ಮೆಕ್ಯಾನಿಕ್ಕನನ್ನು ಹುಡುಕಿದಳು. ಅವನು ಯಾವುದೋ ಡಬ್ಬಿ ತಡಕಾಡಿ ವಾಲ್ವು ಹಾಕಿ, "ಒಂದೂವರೆ ನಿಮಿಷ ಬಿಟ್ಟು ಹಚ್ಚರಿ, ಸಾಕು," ಅಂದ. ವೈಶಾಲಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಇನ್ನು ಅರ್ಧ ತಾಸಿನ ಕಥೆ ಮುಗಿಯಿತು ಅಂದುಕೊಂಡೆ.

ಸಂಜೆ ಮುಕುಂದ ಬಂದ. ಬೂಟು ಕಳಚುತ್ತ, "ಏನಂದಾ ಮೆಕ್ಯಾನಿಕ್?" ಎಂದು ಕೇಳಿದ.

ವೈಶಾಲಿ ನನ್ನ ಗುಂಡಿ ತಿರುಗಿಸಿ, ಅವನ ಕುರ್ಚಿಯ ಪಕ್ಕಕ್ಕೆ ತನ್ನ ಕುರ್ಚಿ ಎಳೆದುಕೊಂಡಳು.

"ವಯಸ್ಸಾಗೇದಂತ್ರಿ ಇದಕ್ಕ. ಇನ್ಮುಂದ ಅರ್ಧ ತಾಸು ಸಾಲೂದಿಲ್ಲಂತ. ನಲವತ್ತು ನಿಮಿಷ ಬೇಕಂತ."

ಮುಕುಂದ ಅವಳ ಮುಖವನ್ನು ಒಂದು ಕ್ಷಣ ನೋಡಿದ. "ಹಂಗಾರ ಚಾ ನಾ ಮಾಡ್ತೀನಿ," ಎಂದು ಅಡುಗೆಮನೆಗೆ ಹೋದ. ಒಂದೂವರೆ ನಿಮಿಷಕ್ಕೆ ನಾನು ಸಿದ್ಧನಾದೆ. ಎಂದಿನಂತೆ ಬಾಯಿ ಬಿಡಲಿಲ್ಲ.