ಇನ್ನೆರಡು ಮಾರು ಸಿಮೆಂಟು

ಶವಪೆಟ್ಟಿಗೆಯ ಮೂಲೆ ಇಗರ್ಜಿಯ ಬಾಗಿಲ ಕಂಬಕ್ಕೆ ತಗುಲಿತು. ಹೊತ್ತವರು ಒಂದು ಹೆಜ್ಜೆ ಹಿಂದೆ ಸರಿದರು.

“ಓರೆ ಮಾಡ್ರೋ, ಓರೆ! ಆರುನೂರು ವರ್ಷದ ಕಲ್ಲು. ಚೂರು ಕಿತ್ತುಬಂದ್ರೂ ಒಳಗಿರೋನು ಎದ್ದು ರಿಪೇರಿಗೆ ನಿಂತ್ಕೋತಾನೆ,” ಎಂದ ಕ್ಲೆಮ್.

ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಒಳಗಿದ್ದವನು ವಿಲ್ಫ್ ಗ್ಯಾರಡ್, ಊರಿನ ಗಾರೆಯವನು. ಎಂಬತ್ತೊಂದು ವರ್ಷ.

ಅವನ ಹೆಂಡತಿ ಮೇವಿಸ್ ಒಳಗೆ ಹೋಗಲಿಲ್ಲ. ಕ್ಲೆಮ್‌ನ ಕೋಟಿನ ತೋಳು ಹಿಡಿದಳು.

“ಗೋಪುರದ ಬೀಗದಕೈ ನಿನ್ನ ಹತ್ರಾನೇ ಇದೆಯಲ್ಲ. ಇರೋದ್ರಲ್ಲಿ ಒಂದೇ ಒಂದು ಗಂಟೆ ಬಾರಿಸೋ. ಸತ್ತೋನು ಗಂಡಸಾದ್ರೆ ಒಂಬತ್ತು ಏಟು, ಆಮೇಲೆ ವಯಸ್ಸಿನಷ್ಟು. ಎಲ್ಲರಿಗೂ ಹಂಗೇ ಅಲ್ವಾ ಮಾಡ್ತಿದ್ದಿದ್ದು?”

ಕ್ಲೆಮ್ ಇಗರ್ಜಿಯ ಗಂಟೆ ಬಾರಿಸುವವರ ಮುಖ್ಯಸ್ಥ. ಮೂವತ್ತೈದು ವರ್ಷದಿಂದ ಬಾರಿಸದ ಗಂಟೆಗಳಿಗೆ ಮುಖ್ಯಸ್ಥ.

“ಎಂಬತ್ತೊಂದು ಏಟಿಗೆ ಗೋಪುರ ನಮ್ಮ ತಲೆ ಮೇಲಿರತ್ತೆ. ಒಂದೇ ಟಿಕೆಟಿಗೆ ಹತ್ತು ಹೆಣ ಬೇಕಾ ನಿಂಗೆ? ನಮ್ಮಪ್ಪನೇ ಸದ್ದಿಲ್ದೆ ಮಣ್ಣಿಗೆ ಹೋದ. ಇವನೇನು ಮಹಾರಾಜನಾ?”

“ಪ್ರತಿ ಶನಿವಾರ ನನ್ನ ಬಿಟ್ಟು ಆ ಗೋಪುರದ ಗೋಡೆ ಹತ್ರ ಇರ್ತಿದ್ದ ಕಣೋ,” ಎಂದಳು ಮೇವಿಸ್. “ಅದು ಇವತ್ತೊಂದು ಸಲ ಅವನಿಗೆ ‘ಓ’ ಅನ್ನಬಾರದಾ?”

*

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ವಿಲ್ಫ್ ಆ ಗೋಪುರದ ಹಳೆಯ ಸುಣ್ಣದ ಗಾರೆಯನ್ನೆಲ್ಲ ಕೆರೆದು, ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿದ್ದ. “ಇನ್ನು ಸಾವಿರ ವರ್ಷ ಅಲ್ಲಾಡಲ್ಲ!” ಎಂದು ಪಬ್ಬಿನಲ್ಲಿ ಮೇಜು ಕುಟ್ಟಿದ್ದ. ಊರೆಲ್ಲ ಅವನಿಗೆ ಬಿಯರು ಕುಡಿಸಿತ್ತು.

ಸುಣ್ಣ ಉಸಿರಾಡುತ್ತದೆ, ಸಿಮೆಂಟು ಉಸಿರು ಕಟ್ಟಿಸುತ್ತದೆ ಎಂದು ಆಗ ಯಾರೂ ಹೇಳಲಿಲ್ಲ. ಒಳಗೆ ಸೇರಿದ ನೀರಿಗೆ ಹೊರಗೆ ಬರುವ ದಾರಿಯಿರಲಿಲ್ಲ. ಚಳಿಗೆ ಅಲ್ಲೇ ಹೆಪ್ಪುಗಟ್ಟಿ, ವರ್ಷವರ್ಷವೂ ಕಲ್ಲು ಒಡೆಯಿತು. ಸಿಮೆಂಟು ತುಂಬಿದ ಹದಿನೆಂಟನೆಯ ವರ್ಷ ಗಂಟೆ ತೂಗುವಾಗ ಕಿಟಕಿಯಿಂದ ಮೇಲಿನವರೆಗೆ ಬಿರುಕು ಓಡಿತು.

ಅದೇ ತಿಂಗಳು ಕ್ಲೆಮ್‌ನ ಅಪ್ಪ ತೀರಿಕೊಂಡ. ಐವತ್ತು ವರ್ಷ ಆ ಗಂಟೆಯ ಹಗ್ಗ ಎಳೆದವನು. ಕ್ಲೆಮ್ ಬೀಗದಕೈ ಹಿಡಿದು ಬಂದರೆ, ಗೋಪುರದ ಬಾಗಿಲಿಗೆ ಅಡ್ಡವಾಗಿ ವಿಲ್ಫ್ ಕೈ ಚಾಚಿ ನಿಂತಿದ್ದ.

“ಇವತ್ತೊಂದಿನ ಬಿಡೋ.”

“ಬೀಳತ್ತೆ ಕ್ಲೆಮ್.”

“ಹಾಳು ಮಾಡಿದ್ದು ಯಾವನು?”

“ನಾನೇ,” ಎಂದ ವಿಲ್ಫ್. ದಾರಿ ಮಾತ್ರ ಬಿಡಲಿಲ್ಲ.

ಮುಂದಿನ ಶನಿವಾರ ಉಳಿ ಹಿಡಿದು ಏಣಿ ಹತ್ತಿದ. ಕಲ್ಲಿಗೆ ನೋವಾಗದ ಹಾಗೆ ತನ್ನದೇ ಸಿಮೆಂಟನ್ನು ಬೆರಳಗಲ ಬೆರಳಗಲ ಬಿಡಿಸಿ, ಸುಣ್ಣ ತುಂಬತೊಡಗಿದ. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

“ಮುಗಿದ ದಿನ ಮೊದಲನೇ ಗಂಟೆ ನಿಮ್ಮಪ್ಪಂದು!” ಎಂದು ಮೇಲಿನಿಂದ ಕೂಗಿದ.

ಕೆಳಗೆ ಹೋಗುತ್ತಿದ್ದ ಕ್ಲೆಮ್ ತಲೆ ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ.

*

ಗುಂಡಿಯ ಬಳಿ ಪಾದ್ರಿಯಮ್ಮನ ಪ್ರಾರ್ಥನೆ ಮುಗಿಯಿತು. ಯಾರೂ ಕದಲಲಿಲ್ಲ. ಮೇವಿಸ್ ಗೋಪುರವನ್ನೇ ನೋಡುತ್ತಿದ್ದಳು.

ಕ್ಲೆಮ್ ಸಟ್ಟನೆ ತಿರುಗಿ ಅತ್ತ ನಡೆದ. ಬೀಗಕ್ಕೆ ಕೈ ಹಾಕುವ ಮೊದಲು ಪಡುವಣ ಗೋಡೆಯನ್ನು ನೋಡಿದ. ಬಿಳಿ ಸುಣ್ಣದ ನಡುವೆ ಬೂದು ಸಿಮೆಂಟು ಇನ್ನೂ ಎರಡು ಮಾರು ಉಳಿದಿತ್ತು. ಅದರ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತ. ವಾಪಸು ಬಂದ.

“ಆಗಲ್ಲ ಮೇವಿಸ್. ಈ ನನ್ಮಗ ಇನ್ನೂ ಬಾಗಿಲಿಗೆ ಅಡ್ಡ ನಿಂತಿದಾನೆ.”

ಟೋಪಿ ತೆಗೆದು ಹುಲ್ಲಿನ ಮೇಲಿಟ್ಟ. ಎರಡೂ ಕೈ ತಲೆಯ ಮೇಲೆತ್ತಿ, ಗಾಳಿಯಲ್ಲಿ ಇಲ್ಲದ ಹಗ್ಗ ಹಿಡಿದು ಮೊಣಕಾಲಿನವರೆಗೆ ಎಳೆದ.

ಒಂದು.

ಹಳೆಯ ಗಂಟೆಯವರಿಬ್ಬರು ಊರುಗೋಲು ಕೆಳಗಿಟ್ಟು ಅವನ ಪಕ್ಕಕ್ಕೆ ಬಂದು ನಿಂತರು. ಮೂರು ಎಳೆತ, ಒಂದು ಬಿಡುವು. ಮತ್ತೆ ಮೂರು. ಮತ್ತೆ ಮೂರು. ಆಮೇಲೆ ವಯಸ್ಸು. ಮೇವಿಸಳ ತುಟಿ ಎಣಿಸುತ್ತಿತ್ತು. ನಲವತ್ತು ದಾಟುವಾಗ ಕ್ಲೆಮ್‌ನ ತೋಳು ನಡುಗಿತು; ನಿಲ್ಲಲಿಲ್ಲ.

ಗೋಪುರದ ಮೇಲೆ ಕೂತಿದ್ದ ಕಾಗೆಗಳಲ್ಲಿ ಒಂದೂ ಹಾರಲಿಲ್ಲ.